ಬಾಗಿಲ ಹೊರಗೆ ಕೂತ ಅಮ್ಮಂದಿರು

2018ರಲ್ಲಿ ಕಂಪನಿ ನನ್ನನ್ನು ಒಂದೂವರೆ ವರ್ಷದ ಮಟ್ಟಿಗೆ ಅಮೆರಿಕದ ಯೂಟಾ ರಾಜ್ಯದ ಲೀಹೈ ಎಂಬ ಊರಿಗೆ ಕಳಿಸಿತು. ಸೂಟ್‌ಕೇಸಿನಲ್ಲಿ ಸ್ಟೀಲಿನ ಫಿಲ್ಟರು, ಎರಡು ಕಿಲೋ ಕಾಫಿಪುಡಿ. ಆಫೀಸಿನ ಪ್ಯಾಂಟ್ರಿಯಲ್ಲಿ ತರಾವರಿ ಸೋಡಾ ಇತ್ತು, ಹಾಟ್ ಚಾಕೊಲೇಟ್ ಇತ್ತು. ಕಾಫಿ ಯಂತ್ರ ಮಾತ್ರ ಮೂಲೆಯಲ್ಲಿ, ಹೊರಗಿನಿಂದ ಬಂದ ನಮ್ಮಂಥವರಿಗೆಂದೇ ಇಟ್ಟ ಹಾಗೆ. ಎರಡನೇ ವಾರ ಟೆಸ್ಟಿಂಗ್ ತಂಡದ ಹಿರಿಯ ಸಹೋದ್ಯೋಗಿಯೊಬ್ಬರು ನನ್ನ ಡಿಕಾಕ್ಷನ್ನಿನ ಪರಿಮಳ ಹಿಡಿದು ಬಂದರು. ವಯಸ್ಸು ಐವತ್ಮೂರು. ಒಂದು ಲೋಟ ಕುಡಿದು, "ನಾನು ಮೊದಲ ಕಾಫಿ ಕುಡಿದಾಗ ನನಗೆ ಐವತ್ತು. ಅವತ್ತು ನಮ್ಮಮ್ಮ ಅತ್ತುಬಿಟ್ಟರು" ಎಂದರು.

ನನಗೆ ನಗು ಬಂತು. ಅವರು ನಗಲಿಲ್ಲ.

ಅವರು ಹುಟ್ಟಿ ಬೆಳೆದದ್ದು ಮಾರ್ಮನ್ ಮನೆತನದಲ್ಲಿ. ಆ ಚರ್ಚಿನ ಪೂರ್ತಿ ಹೆಸರು 'ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್'. ನಾನು ಅಲ್ಲಿದ್ದ ವರ್ಷವೇ ಅದರ ಅಧ್ಯಕ್ಷರು 'ಮಾರ್ಮನ್' ಎಂಬ ಅಡ್ಡಹೆಸರು ಬೇಡವೆಂದು ಹೇಳಿದರು. ಆದರೆ ಇತಿಹಾಸದ ಪುಸ್ತಕಗಳಲ್ಲೆಲ್ಲ ಇರುವುದು ಅದೇ ಆದ್ದರಿಂದ ನಾನೂ ಅದನ್ನೇ ಬಳಸುತ್ತೇನೆ. ಮದ್ಯ, ತಂಬಾಕು, ಕಾಫಿ, ಚಹಾ ಮುಟ್ಟಬಾರದೆಂಬುದಕ್ಕೆ 1833ರ ದೈವವಾಣಿಯೊಂದು ಆಧಾರ. ಹೀಗಾಗಿ ಅಲ್ಲಿ ಒಂದು ಕಪ್ ಕಾಫಿ ಎಂದರೆ ಕಾಫಿಯಷ್ಟೇ ಅಲ್ಲ. 'ನಾನಿನ್ನು ನಿಮ್ಮವಳಲ್ಲ' ಎಂದು ಅಡುಗೆಮನೆಯಲ್ಲಿ ನಿಂತು ಹೇಳಿದಂತೆ.

ಆಮೇಲೆ ಆ ಒಂದೂವರೆ ವರ್ಷ ನಾನು ಓದಿದ್ದು ಹೆಚ್ಚಾಗಿ ಇದನ್ನೇ. ನಂಬಿಕೆ ಕಳೆದುಕೊಂಡ ಹೆಣ್ಣುಮಕ್ಕಳು ಮನೆಯವರ ಜೊತೆ ಹೇಗೆ ಬಾಳಿದರು ಎಂಬುದನ್ನು.

ಮೂಲ ಕಥೆ ಚಿಕ್ಕದು. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಎಂಬ ಇಪ್ಪತ್ನಾಲ್ಕರ ಯುವಕ 'ಬುಕ್ ಆಫ್ ಮಾರ್ಮನ್' ಪ್ರಕಟಿಸಿ ಹೊಸ ಚರ್ಚು ಕಟ್ಟಿದ. ದೇವದೂತ ತೋರಿಸಿದ ಚಿನ್ನದ ಹಾಳೆಗಳಿಂದ ಅನುವಾದಿಸಿದ್ದು ಎಂದು ಹೇಳಿದ. 1844ರಲ್ಲಿ ಇಲಿನಾಯ್‌ನ ಜೈಲೊಂದಕ್ಕೆ ನುಗ್ಗಿದ ಗುಂಪು ಅವನನ್ನು ಗುಂಡಿಕ್ಕಿ ಕೊಂದಿತು. ಬ್ರಿಗಮ್ ಯಂಗ್ ಅನುಯಾಯಿಗಳನ್ನು ಕಟ್ಟಿಕೊಂಡು 1847ರಲ್ಲಿ ಸಾಲ್ಟ್ ಲೇಕ್ ಕಣಿವೆ ಸೇರಿದ. ನಾನಿದ್ದ ಊರಿನ ಹೆಸರೂ ಆ ಪುಸ್ತಕದ್ದೇ. ಲೀಹೈ ಎಂಬ ತಂದೆಗೆ ಒಂದು ಕನಸು ಬೀಳುತ್ತದೆ: ಮರವೊಂದರ ಹಣ್ಣು ತಿಂದು, ತಿನ್ನಲು ಬನ್ನಿ ಎಂದು ಮನೆಮಂದಿಯನ್ನೆಲ್ಲ ಕರೆಯುತ್ತಾನೆ, ಇಬ್ಬರು ಮಕ್ಕಳು ಬರುವುದಿಲ್ಲ. ಪುಸ್ತಕ ಶುರುವಾಗುವುದೇ ನಂಬಿಕೆಯಿಂದ ಒಡೆದ ಮನೆಯ ಕಥೆಯಿಂದ.

ಈ ಧರ್ಮದ ಅತಿ ದೊಡ್ಡ ಮಾತುಕೊಡುವಿಕೆ ಸ್ವರ್ಗವಲ್ಲ, ಸಂಸಾರ. ದೇವಾಲಯದಲ್ಲಿ 'ಸೀಲಿಂಗ್' ಎಂಬ ವಿಧಿಯಿಂದ ಬೆಸೆದ ಗಂಡ, ಹೆಂಡತಿ, ಮಕ್ಕಳು ಸಾವಿನ ನಂತರವೂ ಒಟ್ಟಿಗಿರುತ್ತಾರೆ. ಕೇಳಲು ಎಷ್ಟು ಚೆಂದ! ಆದರೆ ಅದರ ಇನ್ನೊಂದು ಮಗ್ಗುಲು ನೋಡಿ. ಒಬ್ಬಳು ನಂಬಿಕೆ ಬಿಟ್ಟರೆ ಉಳಿದವರ ಪಾಲಿಗೆ ಆಕೆ ಬದುಕಿರುವಾಗಲೇ ಪರಲೋಕದ ಪಂಕ್ತಿಯಲ್ಲಿ ಖಾಲಿ ಎಲೆಯಾಗುತ್ತಾಳೆ. ಸಹೋದ್ಯೋಗಿಯ ತಾಯಿ ಅತ್ತದ್ದು ಕಾಫಿಗಲ್ಲ, ಆ ಖಾಲಿ ಜಾಗಕ್ಕೆ.

ಒಡಕು ಮೊದಲು ಕಂಡದ್ದು ಪ್ರವಾದಿಯ ಮನೆಯಲ್ಲೇ. ಹೆಂಡತಿ ಎಮ್ಮಾ ಸ್ಮಿತ್ 1842ರಲ್ಲಿ ಚರ್ಚಿನ ಮಹಿಳಾ ಸಂಘ 'ರಿಲೀಫ್ ಸೊಸೈಟಿ'ಯ ಮೊದಲ ಅಧ್ಯಕ್ಷೆಯಾದಳು. ಅದೇ ವರ್ಷಗಳಲ್ಲಿ ಗಂಡ ಗುಟ್ಟಾಗಿ ಬೇರೆ ಹೆಂಡತಿಯರನ್ನು ಮಾಡಿಕೊಳ್ಳುತ್ತಿದ್ದ. ಎಮ್ಮಾ ಬಹುಪತ್ನಿತ್ವವನ್ನು ವಿರೋಧಿಸಿದಳು. ಗಂಡ ಹಾಗೆ ಮಾಡಿದ್ದನೆಂಬುದನ್ನೂ ಕಡೆಗಾಲದಲ್ಲಿ ಒಪ್ಪಲಿಲ್ಲ! ಬ್ರಿಗಮ್ ಯಂಗ್ ಜೊತೆ ಪಶ್ಚಿಮಕ್ಕೆ ಹೋಗದೆ ನಾವೂ ಎಂಬ ಊರಿನಲ್ಲೇ ಉಳಿದಳು. ಚರ್ಚಿಗೆ ಸೇರದ ಒಬ್ಬನನ್ನು ಮರುಮದುವೆಯಾದಳು. ನನಗೆ ಇದರಲ್ಲಿ ಹಿಡಿಸಿದ್ದು ಅತ್ತೆಯ ಸಂಗತಿ. ಜೋಸೆಫನ ತಾಯಿ ಲೂಸಿಯೂ ಹಿಂದೆ ಉಳಿದಳು. ಕೊನೆಯ ವರ್ಷಗಳನ್ನು ಕಳೆದದ್ದು, 1856ರಲ್ಲಿ ಕಣ್ಣುಮುಚ್ಚಿದ್ದು, ಈ ಸೊಸೆಯ ಆರೈಕೆಯಲ್ಲಿ. ಯೂಟಾದ ಚರ್ಚು ಎಮ್ಮಾಳನ್ನು ಬಹಳ ಕಾಲ ದ್ರೋಹಿಯೆಂಬಂತೆ ಕಂಡಿತು. ಅತ್ತೆಯನ್ನು ನೋಡಿಕೊಂಡ ಸೊಸೆ ಎಂದು ಕಂಡವರು ಕಡಿಮೆ. 1984ರಲ್ಲಿ ಲಿಂಡಾ ನ್ಯೂವೆಲ್, ವ್ಯಾಲೀನ್ ಏವರಿ ಎಂಬಿಬ್ಬರು ಆಕೆಯ ಜೀವನಚರಿತ್ರೆ ಬರೆದರು. ಮರುವರ್ಷ ಚರ್ಚಿನ ಸಭೆಗಳಲ್ಲಿ ಆ ವಿಷಯ ಮಾತಾಡದಂತೆ ಅವರಿಗೆ ನಿರ್ಬಂಧ ಬಿತ್ತು.

ಫ್ಯಾನಿ ಸ್ಟೆನ್‌ಹೌಸ್ ಕಥೆ ಇನ್ನೂ ಸಿಕ್ಕು. ಜರ್ಸಿ ದ್ವೀಪದಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಮತಾಂತರಗೊಂಡು, ಧರ್ಮಪ್ರಚಾರಕ ಗಂಡನ ಜೊತೆ ಯೂಟಾಗೆ ಬಂದವಳು. ಗಂಡ ಎರಡನೇ ಹೆಂಡತಿಯನ್ನು ತಂದ. ಮಗಳು ಕ್ಲಾರಾಳನ್ನು ಸಾಕ್ಷಾತ್ ಬ್ರಿಗಮ್ ಯಂಗ್‌ನ ಮಗನಿಗೆ ಹಲವು ಹೆಂಡತಿಯರಲ್ಲೊಬ್ಬಳಾಗಿ ಕೊಟ್ಟರು. 1870ರ ಸುಮಾರಿಗೆ ದಂಪತಿ ಇಬ್ಬರೂ ಚರ್ಚು ಬಿಟ್ಟರು. 1872ರಲ್ಲಿ ಫ್ಯಾನಿ ಬಹುಪತ್ನಿತ್ವದ ವಿರುದ್ಧ ಪುಸ್ತಕ ಬರೆದಳು. 1874ರಲ್ಲಿ ಬಂದ ಎರಡನೆಯದಕ್ಕೆ ಹ್ಯಾರಿಯೆಟ್ ಬೀಚರ್ ಸ್ಟೋವ್ ಮುನ್ನುಡಿ ಇತ್ತು. ತಾಯಿ ಊರೂರಿಗೆ ಹೋಗಿ ಯಾವ ಮನೆತನದ ವಿರುದ್ಧ ಭಾಷಣ ಮಾಡುತ್ತಿದ್ದಳೋ, ಆ ಮನೆಯ ಸೊಸೆ ಅವಳ ಮಗಳೇ. ಬೀಗರ ಮನೆಗೆ ಹಬ್ಬದ ದಿನ ಹೋಗಿ ಬರುವುದೆಂತು ಎಂದು ನಾವು ಸಣ್ಣ ಮಾತಿಗೂ ತಲೆ ಕೆಡಿಸಿಕೊಳ್ಳುತ್ತೇವೆ. ಆಕೆಯ ಸ್ಥಿತಿ ಏನಿದ್ದಿರಬೇಕು?

1890ರಲ್ಲಿ ಚರ್ಚು ಹೊಸ ಬಹುಪತ್ನಿ ವಿವಾಹಗಳನ್ನು ನಿಲ್ಲಿಸುವುದಾಗಿ ಘೋಷಿಸಿತು. 1896ರಲ್ಲಿ ಯೂಟಾಗೆ ರಾಜ್ಯದ ಸ್ಥಾನ ಸಿಕ್ಕಿತು. ಆ ಜಗಳ ತಣ್ಣಗಾಯಿತು. ಮುಂದಿನ ಜಗಳ ಇತಿಹಾಸದ ಬಗ್ಗೆ. ಅದನ್ನು ಎಬ್ಬಿಸಿದ್ದೂ ಒಬ್ಬ ಮನೆಮಗಳೇ.

ಫಾನ್ ಮೆಕ್‌ಕೇ ಹುಟ್ಟಿದ್ದು 1915ರಲ್ಲಿ, ಯೂಟಾದ ಆಗ್ಡೆನ್‌ನಲ್ಲಿ. ತಾಯಿಯ ತಂದೆ ಚರ್ಚಿನ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದವರು. ತಂದೆ ಚರ್ಚಿನ ಉನ್ನತ ಅಧಿಕಾರಿ. ತಂದೆಯ ಅಣ್ಣ ಡೇವಿಡ್ ಒ. ಮೆಕ್‌ಕೇ 1951ರಲ್ಲಿ ಚರ್ಚಿನ ಅಧ್ಯಕ್ಷರೇ ಆದರು, ಅಂದರೆ ಭಕ್ತರ ಪಾಲಿಗೆ ಪ್ರವಾದಿ. ನಮ್ಮ ಲೆಕ್ಕದಲ್ಲಿ ಮಠದ ಜಗದ್ಗುರುಗಳ ಖಾಸಾ ತಮ್ಮನ ಮಗಳು. ಈ ಹುಡುಗಿ ಷಿಕಾಗೋಗೆ ಓದಲು ಹೋದಳು, ನಂಬಿಕೆ ಕಳಚಿತು. 1936ರಲ್ಲಿ ಯಹೂದಿ ಮನೆತನದ ಬರ್ನಾರ್ಡ್ ಬ್ರೋಡಿಯನ್ನು ಮದುವೆಯಾದಳು. ಎರಡೂ ಮನೆಗೆ ಒಪ್ಪಿಗೆಯಿರಲಿಲ್ಲ. ತಾಯಿಯ ಮನಸ್ಸಿಗೋಸ್ಕರ ಮದುವೆ ಮಾರ್ಮನ್ ಚರ್ಚಿನಲ್ಲೇ ನಡೆಯಿತು; ಎರಡು ಕಡೆಯಿಂದ ಬಂದವರು ಆ ತಾಯಿ ಒಬ್ಬರೇ.

1945ರಲ್ಲಿ ಫಾನ್ ಬ್ರೋಡಿಯ 'ನೋ ಮ್ಯಾನ್ ನೋಸ್ ಮೈ ಹಿಸ್ಟರಿ' ಬಂತು. ಜೋಸೆಫ್ ಸ್ಮಿತ್‌ನನ್ನು ದೇವರ ಪ್ರವಾದಿಯಾಗಿ ಅಲ್ಲ, ಅಸಾಧಾರಣ ಕಲ್ಪನಾಶಕ್ತಿಯ ಮನುಷ್ಯನಾಗಿ ನೋಡಿದ ಜೀವನಚರಿತ್ರೆ ಅದು. ಅವನ ಹೆಂಡತಿಯರ ಪಟ್ಟಿಯೂ ಅದರಲ್ಲಿತ್ತು. 1946ರಲ್ಲಿ ಚರ್ಚು ಆಕೆಯನ್ನು ಬಹಿಷ್ಕರಿಸಿತು. ವಿಚಾರಣೆಗೆ ಆಕೆ ಹೋಗಲಿಲ್ಲ. ಮುಂದೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕಿಯಾದಳು.

ನಾನು ಮತ್ತೆ ಮತ್ತೆ ನೆನೆಯುವುದು ಆಕೆಯ ಕೊನೆಯ ದಿನಗಳನ್ನು. 1980ರ ಕೊನೆ, ಶ್ವಾಸಕೋಶದ ಕ್ಯಾನ್ಸರ್, ಆಸ್ಪತ್ರೆ. ನಂಬಿಕೆ ಬಿಡದ ಸಹೋದರ ಥಾಮಸ್ ನೋಡಲು ಬಂದ. ಆಕೆ ಅವನಿಂದ ಆಶೀರ್ವಾದ ಬೇಡಿದಳು. ಮಾರ್ಮನ್ ಮನೆಗಳಲ್ಲಿ ಗಂಡಸರು ರೋಗಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವ ಪದ್ಧತಿ ಇದೆ. ಬಾಲ್ಯದಲ್ಲಿ ಆಕೆ ಕಂಡುಂಡ ಆಸರೆ ಅದು. ಆತ ಕೈಯಿಟ್ಟು ಪ್ರಾರ್ಥಿಸಿದ. ಆಮೇಲೆ ಆಕೆಗೆ ಇನ್ನೊಂದು ಭಯ: 'ಸಾಯುವಾಗ ಶರಣಾದಳು' ಎಂದು ಊರು ಮಾತಾಡೀತು! ಅದಕ್ಕೆ, ಇದು ಚರ್ಚಿಗೆ ಮರಳುವ ಕೋರಿಕೆಯಲ್ಲ ಎಂದು ಲಿಖಿತವಾಗಿ ಸ್ಪಷ್ಟಪಡಿಸಿದಳು. 1981ರ ಜನವರಿಯಲ್ಲಿ ತೀರಿಕೊಂಡಳು. ನಂಬಿಕೆ ಬೇಡ, ಒಡಹುಟ್ಟಿದವನ ಕೈ ಬೇಕು. ಇದನ್ನು ದ್ವಂದ್ವ ಎನ್ನುವವರಿದ್ದಾರೆ. ನನಗಂತೂ ಹಾಗೆ ಅನ್ನಿಸಿಲ್ಲ.

ನಮ್ಮ ಕಾಲಕ್ಕೆ ಬರೋಣ. ಇಂಟರ್‌ನೆಟ್ ಬಂದ ಮೇಲೆ ಹಳೆಯ ದಾಖಲೆಗಳು ಬೆರಳ ತುದಿಗೆ ಸಿಕ್ಕವು. ಚರ್ಚಿನ ವಿರೋಧಿಗಳು ಬರೆದದ್ದನ್ನು ನಿಷ್ಠರು ಪಕ್ಕಕ್ಕೆ ಸರಿಸಬಹುದಿತ್ತು. ಆದರೆ 2013ರಿಂದ ಚರ್ಚು ತಾನೇ ತನ್ನ ಜಾಲತಾಣದಲ್ಲಿ ಇತಿಹಾಸದ ಕಷ್ಟದ ಪ್ರಶ್ನೆಗಳ ಬಗ್ಗೆ ಪ್ರಬಂಧಗಳನ್ನು ಹಾಕತೊಡಗಿತು. 2014ರ ಪ್ರಬಂಧದಲ್ಲಿ ಜೋಸೆಫನ ಹೆಂಡತಿಯರ ಸಂಖ್ಯೆ 30ರಿಂದ 40 ಇರಬಹುದೆಂಬ ಅಂದಾಜಿತ್ತು. ಅವರಲ್ಲೊಬ್ಬಳು ಹೆಲೆನ್ ಮಾರ್ ಕಿಂಬಾಲ್, ಹದಿನೈದು ತುಂಬಲು ಇನ್ನೂ ಕೆಲವು ತಿಂಗಳು ಬಾಕಿಯಿದ್ದ ಹುಡುಗಿ. (ಆ ಹುಡುಗಿ ಮುಂದೆ ನಂಬಿಕೆ ಬಿಡಲಿಲ್ಲ, ದೊಡ್ಡವಳಾಗಿ ಬಹುಪತ್ನಿತ್ವವನ್ನು ಸಮರ್ಥಿಸಿ ಬರೆದಳು. ಇತಿಹಾಸ ನಮಗೆ ಬೇಕಾದ ಹಾಗೆ ನಡೆದುಕೊಳ್ಳುವುದಿಲ್ಲ.)

ನನ್ನ ಸಹೋದ್ಯೋಗಿ ಅದನ್ನು ಓದಿದ್ದು ರಾತ್ರಿ ಹನ್ನೊಂದಕ್ಕೆ, ಫೋನಿನಲ್ಲಿ. ಪಕ್ಕದ ಕೋಣೆಯಲ್ಲಿ ಅವರ ಚಿಕ್ಕ ಮಗಳು ಮಲಗಿದ್ದಳು. ಅವಳಿಗೂ ಆಗ ಹದಿನಾಲ್ಕು. "ಎದ್ದು ಹೋಗಿ ಅವಳ ಹೊದಿಕೆ ಸರಿಮಾಡಿ ಬಂದೆ. ಅಷ್ಟೇ. ವಾದ ಮಾಡಿ ಬಿಟ್ಟದ್ದಲ್ಲ ನಾನು" ಎಂದರು. ಗಂಡ ಇಂದಿಗೂ ನಿಷ್ಠಾವಂತ, ಒಳ್ಳೆಯ ಮನುಷ್ಯ. ಬೇರೆಯಾಗಲಿಲ್ಲ. ಭಾನುವಾರ ಬೆಳಿಗ್ಗೆ ಆತ ಚರ್ಚಿಗೆ, ಇವರು ಬೆಟ್ಟಕ್ಕೆ. ಆದಾಯದ ಹತ್ತರಲ್ಲೊಂದು ಪಾಲು ಚರ್ಚಿಗೆ ಕೊಡುವ ವಿಷಯದಲ್ಲಿ ಮಾತ್ರ ಒಂದು ವರ್ಷ ಜಗಳವಾಡಿ, ಕಡೆಗೆ ಅವರವರ ಸಂಬಳ ಅವರವರ ಇಷ್ಟ ಎಂದು ಮುಗಿಸಿದರಂತೆ.

2018ರ ಜುಲೈನಲ್ಲಿ ದೊಡ್ಡ ಮಗಳ ಮದುವೆ, ಸಾಲ್ಟ್ ಲೇಕ್ ದೇವಾಲಯದಲ್ಲಿ. ಆ ಬಾಗಿಲು ದಾಟಲು ಚರ್ಚಿನವರು ವಿಚಾರಿಸಿ ಕೊಡುವ ಅರ್ಹತಾಪತ್ರ ಬೇಕು. ತಂದೆ ಒಳಗೆ ಹೋದರು. ತಾಯಿ ಹೋಗುವಂತಿಲ್ಲ. ಆ ವಿಧಿಗಳಿಗೆ ಇನ್ನೂ ಸಿದ್ಧಳಾಗದ ಚಿಕ್ಕ ಮಗಳೂ ಹೋಗುವಂತಿಲ್ಲ. "ಜೊತೆಗೆ ಬರ್ತೀಯಾ?" ಎಂದು ನನ್ನನ್ನು ಕೇಳಿದರು. ಮದುವೆಯಲ್ಲವೇ ಎಂದು ಮೈಸೂರು ಸಿಲ್ಕ್ ಉಟ್ಟು ಹೋದೆ. ನಾವು ಮೂವರು ಹೂವಿನ ಮಡಿಗಳ ಪಕ್ಕದ ಬೆಂಚಿನಲ್ಲಿ ಮುಕ್ಕಾಲು ಗಂಟೆ ಕೂತೆವು. ಅಕ್ಕಪಕ್ಕದ ಬೆಂಚುಗಳಲ್ಲೂ ಸಿಂಗರಿಸಿಕೊಂಡ ಹೆಂಗಸರು ಬಾಗಿಲ ಕಡೆ ನೋಡುತ್ತ ಕೂತಿದ್ದರು. ಆಕೆ ಮಗಳ ಹೂಗುಚ್ಛವನ್ನು ತೊಡೆಯ ಮೇಲೆ ಹಿಡಿದು, ಬಾಡಿದ ಎಸಳುಗಳನ್ನು ಒಂದೊಂದಾಗಿ ಕಿತ್ತು ಪರ್ಸಿಗೆ ಹಾಕಿಕೊಳ್ಳುತ್ತಿದ್ದರು.

ನಮ್ಮಲ್ಲಿ ತಾಯಿಯಿಲ್ಲದೆ ಧಾರೆ ಆದೀತೇ ಎಂದು ಹೇಳಲು ಬಾಯಿ ತೆರೆದವಳು ಸುಮ್ಮನಾದೆ. ನನ್ನ ಸೋದರತ್ತೆ ನೆನಪಾದರು. ಮಾವ ತೀರಿಕೊಂಡ ಮರುವರ್ಷ ಅವರ ಮಗಳ ಮದುವೆ. ಧಾರೆ ಎರೆದದ್ದು ಚಿಕ್ಕಪ್ಪ, ಚಿಕ್ಕಮ್ಮ. ಅತ್ತೆ ಛತ್ರದ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು. ಅವರಿಗೆ ನಂಬಿಕೆ ಹೋಗಿರಲಿಲ್ಲ, ಗಂಡ ಹೋಗಿದ್ದರು ಅಷ್ಟೇ. ನಮ್ಮ ಮನೆಗಳಲ್ಲಿ ದೇವರಿಲ್ಲ ಎನ್ನುವ ಮಗನಿಗೂ ಹಬ್ಬದ ಹೋಳಿಗೆ ಬಡಿಸುತ್ತೇವೆ, ನಿಜ. ಬಾಗಿಲು ಹಾಕುವುದು ಬೇರೆ ಕಾರಣಗಳಿಗೆ.

2019ರ ಮೇ ತಿಂಗಳಲ್ಲಿ ಚರ್ಚು ನಿಯಮ ಬದಲಿಸಿತು. ಅಮೆರಿಕದಲ್ಲಿ ಅಲ್ಲಿಯವರೆಗೆ ಎಲ್ಲರೆದುರು ಕಾನೂನಿನ ಮದುವೆ ಮೊದಲು ಮಾಡಿಕೊಂಡರೆ ದೇವಾಲಯದ ವಿಧಿಗೆ ಒಂದು ವರ್ಷ ಕಾಯಬೇಕಿತ್ತು. ಇನ್ನು ಕಾಯಬೇಕಿಲ್ಲ ಎಂದರು. ಮದುವೆ ಸಾರ್ವಜನಿಕವಾಗಿಯೇ ನಡೆಯಬೇಕೆಂಬ ಕಾನೂನಿರುವ ಬ್ರಿಟನ್ನಿನಂಥ ದೇಶಗಳಲ್ಲಿ ಮೊದಲಿನಿಂದಲೂ ಕಾಯುವ ಶಿಕ್ಷೆ ಇರಲಿಲ್ಲ. ಅಂದರೆ ಅದು ದೈವವಾಣಿಯೇನಲ್ಲ, ಬರೀ ಆಡಳಿತದ ನಿಯಮ. ಸುದ್ದಿ ಓದಿದ ದಿನ ಸಹೋದ್ಯೋಗಿ ಪ್ಯಾಂಟ್ರಿಗೆ ಬಂದು ಬೆರಳು ಮಡಿಸಿ ಎಣಿಸಿದರು. "ಹತ್ತು ತಿಂಗಳು" ಎಂದು ಲೋಟ ಮುಂದೆ ಚಾಚಿದರು.

ಇದೇ ವರ್ಷ ಇನ್ನೊಂದು ಬಾಗಿಲು ತೆರೆಯಲಿಲ್ಲ. ಲವೀನಾ ಫೀಲ್ಡಿಂಗ್ ಆಂಡರ್ಸನ್ ಎಂಬ ಸಂಪಾದಕಿಯನ್ನು 1993ರ ಸೆಪ್ಟೆಂಬರಿನಲ್ಲಿ ಬೇರೆ ಐವರು ಲೇಖಕರ ಜೊತೆಗೆ ಚರ್ಚು ಶಿಕ್ಷಿಸಿತ್ತು. ಆಕೆಗೆ ಬಹಿಷ್ಕಾರ. ತಪ್ಪು ಏನೆಂದರೆ, ಅಧಿಕಾರಿಗಳು ಸದಸ್ಯರನ್ನು ಸತಾಯಿಸಿದ ಪ್ರಸಂಗಗಳನ್ನು ದಾಖಲಿಸಿ ಪ್ರಕಟಿಸಿದ್ದು. ಆಕೆ ನಂಬಿಕೆ ಕಳೆದುಕೊಂಡವಳಲ್ಲ. ಸದಸ್ಯರಾಗಿಯೇ ಇದ್ದ ಗಂಡ, ಮಗನ ಜೊತೆ ವರ್ಷಗಟ್ಟಲೆ ಪ್ರತಿ ಭಾನುವಾರ ಅದೇ ಚರ್ಚಿಗೆ ಹೋಗಿ ಕೂತಳು. ಪ್ರಸಾದದ ರೊಟ್ಟಿಯ ತಟ್ಟೆ ಬಂದರೆ ತಾನು ತೆಗೆದುಕೊಳ್ಳುವಂತಿಲ್ಲ. 2019ರಲ್ಲಿ ಮತ್ತೆ ಸೇರಿಸಿಕೊಳ್ಳಿ ಎಂದು ಮಾಡಿದ ಮನವಿಯನ್ನು ಮೇಲಿನವರು ಒಪ್ಪಲಿಲ್ಲ. 2023ರಲ್ಲಿ ತೀರಿಕೊಂಡಳು, ಹೊರಗಿನವಳಾಗಿಯೇ.

ಸಹೋದ್ಯೋಗಿಯ ತಾಯಿಗೆ ಈಗ ಎಂಬತ್ತು ದಾಟಿದೆ. ಮಗಳು ರಾತ್ರಿ ಉಳಿಯಲು ಬಂದಾಗ ಬೇಕಾದೀತೆಂದು ಅಂಗಡಿಯಿಂದ ಕಾಫಿಪುಡಿಯ ಸಣ್ಣ ಡಬ್ಬಿಯೊಂದು ತಂದು ಅಕ್ಕಿಯ ಡಬ್ಬದ ಹಿಂದೆ ಇಟ್ಟಿದ್ದಾರಂತೆ, ಅಕ್ಕಪಕ್ಕದವರಿಗೆ ಕಾಣದ ಹಾಗೆ. ಎಷ್ಟು ಚಮಚ ಹಾಕಬೇಕೆಂದು ಮಾತ್ರ ಪ್ರತಿ ಸಲ ಕೇಳುತ್ತಾರಂತೆ.

ನಾನು ಪುಣೆಗೆ ಮರಳಿದೆ. 1850ರ ದಶಕದಲ್ಲೇ ಹ್ಯೂ ಫಿಂಡ್ಲೆ ಎಂಬ ಮಾರ್ಮನ್ ಪ್ರಚಾರಕ ಮುಂಬೈಗೂ ನಮ್ಮ ಈ ಪುಣೆಗೂ ಬಂದಿದ್ದನೆಂದು ತಿಳಿದದ್ದು ಇಲ್ಲಿಗೆ ಬಂದ ಮೇಲೆ. ಆಗ ಹೆಚ್ಚೇನೂ ನೆಲೆಯೂರಲಿಲ್ಲ. ಭಾರತದ ಮೊದಲ ಮಾರ್ಮನ್ ದೇವಾಲಯ ಬೆಂಗಳೂರಿಗೆ ಎಂದು ಘೋಷಿಸಿದ್ದು 2018ರ ಏಪ್ರಿಲಿನಲ್ಲಿ. 2020ರ ಡಿಸೆಂಬರಿನಲ್ಲಿ ಗುದ್ದಲಿಪೂಜೆಯಾಯಿತು. ಆ ಸುದ್ದಿಯ ಫೋಟೋ ಸಹೋದ್ಯೋಗಿ ನನಗೆ ವಾಟ್ಸಾಪ್‌ನಲ್ಲಿ ಕಳಿಸಿದರು. ಕೆಳಗೆ ಒಂದೇ ಪ್ರಶ್ನೆ: "ನಿಮ್ಮೂರಿನಲ್ಲಿ ಬಿಸಿಲು ಜೋರಲ್ಲವೇ? ಹೊರಗೆ ಕೂರುವ ಅಮ್ಮಂದಿರಿಗೆ ನೆರಳಿನಲ್ಲಿ ಬೆಂಚು ಹಾಕುತ್ತಾರಾ, ವಿಚಾರಿಸಿ ಹೇಳು."