ಮೊಕ್ಪೊದಿಂದ ಸಿನುಯಿಜುವಿಗೆ: ಕೊರಿಯಾದ ಒಂದನೇ ನಂಬರ್ ರಸ್ತೆ

ದಕ್ಷಿಣ ಕೊರಿಯಾದ ರಾಷ್ಟ್ರೀಯ ಹೆದ್ದಾರಿಗಳ ಪಟ್ಟಿಯ ಮೊದಲ ಸಾಲಿನಲ್ಲೇ ಒಂದು ವಿಚಿತ್ರವಿದೆ. ಒಂದನೇ ನಂಬರ್ ಹೆದ್ದಾರಿ ನೈಋತ್ಯ ತುದಿಯ ಮೊಕ್ಪೊ ಬಂದರಿನಲ್ಲಿ ಹೊರಟು, ಚೀನಾ ಗಡಿಯ ಸಿನುಯಿಜು ಊರಿನಲ್ಲಿ ಮುಗಿಯುತ್ತದೆ ಎಂದು ಅಲ್ಲಿ ಬರೆದಿದೆ. ಸಿನುಯಿಜು ಇರುವುದು ಉತ್ತರ ಕೊರಿಯಾದಲ್ಲಿ. ದಕ್ಷಿಣದವರ ಗಾಡಿ ಓಡುವುದು ಪಾಜು ಬಳಿ ಇಮ್ಜಿನ್ ನದಿ ದಾಟಿ ಒಂದಿಷ್ಟು ದೂರದ ತನಕ ಮಾತ್ರ, ಒಟ್ಟು ಸುಮಾರು ಐನೂರು ಕಿಲೋಮೀಟರ್. ಮಿಕ್ಕಿದ್ದು ಕಾಗದದ ಮೇಲಿನ ರಸ್ತೆ. ಈ ನಂಬರುಗಳನ್ನು ಕೊಟ್ಟದ್ದು 1971ರಲ್ಲಿ. ಬೆಸ ಸಂಖ್ಯೆ ದಕ್ಷಿಣೋತ್ತರ, ಸಮ ಸಂಖ್ಯೆ ಪೂರ್ವಪಶ್ಚಿಮ ಎಂಬ ಲೆಕ್ಕದಲ್ಲಿ ಮೂರು, ಐದು, ಏಳನೇ ರಸ್ತೆಗಳನ್ನೂ ಹೀಗೆಯೇ ಗಡಿಯಾಚೆಗೆ ಎಳೆದಿದ್ದರು. ದೇಶ ಒಡೆದು ಕಾಲು ಶತಮಾನ ಕಳೆದ ಮೇಲೆ ಸರ್ಕಾರವೊಂದು ತನ್ನ ಕೈಯಲ್ಲಿಲ್ಲದ ನೆಲಕ್ಕೂ ರಸ್ತೆ ನಂಬರು ಹಾಕಿತ್ತು. ಇದನ್ನು ಹಟ ಎನ್ನುವವರು ಇದ್ದಾರೆ. ನನಗೆ ಅದು ಹಕ್ಕುಪತ್ರದಂತೆ ಕಾಣುತ್ತದೆ.

ಈ ರಸ್ತೆಯ ಕಥೆ ಕೇಳುವಾಗ ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎನ್ನುವುದಕ್ಕಿಂತ ಯಾವ ಕಾಲದಲ್ಲಿ ಯಾವ ಕಡೆಗೆ ಮುಖ ಮಾಡಿತ್ತು ಎಂದು ಕೇಳುವುದು ಮೇಲು. ಜೋಸನ್ ಅರಸರ ಕಾಲದಲ್ಲಿ ಅದರ ಮುಖವೆಲ್ಲ ಉತ್ತರಕ್ಕೇ. 1770ರಲ್ಲಿ ಸಿನ್ ಗ್ಯೊಂಗ್‌ಜುನ್ ಎಂಬ ವಿದ್ವಾಂಸ ನಾಡಿನ ರಸ್ತೆಗಳ ಬಗ್ಗೆ 'ದೊರೊಗೊ' ಎಂಬ ಗ್ರಂಥ ಬರೆದು ರಾಜಧಾನಿಯಿಂದ ಹೊರಡುವ ಆರು ಮಹಾಮಾರ್ಗಗಳನ್ನು ವಿಂಗಡಿಸಿದ. ಮೊದಲ ಸ್ಥಾನ ಯಾಲು ನದಿಯ ದಡದ ಉಯಿಜು ಊರಿಗೆ ಹೋಗುವ ದಾರಿಗೆ. ಚೀನಾಕ್ಕೆ ಕಪ್ಪಕಾಣಿಕೆ ಹೊತ್ತ ರಾಯಭಾರಿಗಳು ಹೋಗುತ್ತಿದ್ದುದೂ ಚೀನಾದ ದೂತರು ಬರುತ್ತಿದ್ದುದೂ ಈ ದಾರಿಯಲ್ಲೇ. 1780ರಲ್ಲಿ ಚಕ್ರವರ್ತಿ ಚಿಯೆನ್‌ಲುಂಗನ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಹೊರಟ ತಂಡದ ಜೊತೆ ಲೇಖಕ ಪಾಕ್ ಜಿವೊನ್ ಹೋದದ್ದೂ ಹೀಗೆಯೇ. ಅವನ 'ಯೊಲ್ಹಾ ಇಲ್ಗಿ' ಕೊರಿಯಾದ ಪ್ರವಾಸ ಸಾಹಿತ್ಯದಲ್ಲಿ ಇಂದಿಗೂ ಮುಂಚೂಣಿಯಲ್ಲಿದೆ. ಉಯಿಜುವಿನ ವರ್ತಕರು ಜಿನ್ಸೆಂಗ್ ಬೇರಿನ ವ್ಯಾಪಾರದಲ್ಲಿ ಹಣ ಮಾಡಿದ್ದೂ ಈ ದಾರಿಯ ಪುಣ್ಯ.

ಆದರೆ ರಾಜಮಾರ್ಗ ಎಂದ ಮಾತ್ರಕ್ಕೆ ಅಗಲವಾದ, ಕಲ್ಲು ಹಾಸಿದ ದಾರಿಯನ್ನು ಊಹಿಸಿಕೊಳ್ಳಬಾರದು. ಒಳ್ಳೆಯ ರಸ್ತೆ ಶತ್ರುವಿಗೂ ಒಳ್ಳೆಯದೇ ಎಂಬ ಅಂಜಿಕೆ ಆ ಅರಮನೆಗಿತ್ತು ಎನ್ನುತ್ತಾರೆ. ಅಂಜಿಕೆಗೆ ಕಾರಣವೂ ಇತ್ತು. 1592ರಲ್ಲಿ ಜಪಾನೀ ಸೈನ್ಯ ದಕ್ಷಿಣದಿಂದ ನುಗ್ಗಿದಾಗ ದೊರೆ ಸೊಂಜೊ ರಾಜಧಾನಿ ಬಿಟ್ಟು ಇದೇ ದಾರಿಯಲ್ಲಿ ಉಯಿಜು ತನಕ ಓಡಿದ. ಇಮ್ಜಿನ್ ಹೊಳೆಯನ್ನು ರಾತ್ರಿಯಲ್ಲಿ ದಾಟಬೇಕಾಗಿ ಬಂದಾಗ, ಬೆಳಕಿಗೆಂದು ದಡದ ಹ್ವಾಸೊಕ್ ಮಂಟಪಕ್ಕೇ ಬೆಂಕಿ ಇಟ್ಟರೆಂಬ ದಂತಕಥೆ ಇದೆ. ಮಂಟಪವನ್ನು ಮತ್ತೆ ಕಟ್ಟಿದ್ದಾರೆ, ಪಾಜುವಿನಲ್ಲಿ ನೋಡಬಹುದು. 1636ರ ಚಳಿಗಾಲದಲ್ಲಿ ಮಂಚೂ ಕುದುರೆ ಪಡೆ ಉತ್ತರದಿಂದ ಎಷ್ಟು ವೇಗವಾಗಿ ಇಳಿದು ಬಂತೆಂದರೆ, ಗಂಗ್ವಾ ದ್ವೀಪಕ್ಕೆ ತಪ್ಪಿಸಿಕೊಳ್ಳಲು ದೊರೆಗೆ ವೇಳೆಯೇ ಸಿಗಲಿಲ್ಲ, ನಮ್ಹಾನ್ ಕೋಟೆಯೇ ಗತಿಯಾಯಿತು.

ಸಿಯೋಲ್‌ನಿಂದ ದಕ್ಷಿಣಕ್ಕೆ ಹೋಗುವ ದಾರಿಗೂ ಅರಸನೊಬ್ಬನ ಕಾಲ್ಗುಣ ಸಿಕ್ಕಿತು. ದೊರೆ ಜೊಂಗ್ಜೊ ಸುವೊನ್ ಬಳಿಯ ತಂದೆಯ ಸಮಾಧಿಗೆ ಸಾವಿರಾರು ಜನರ ಮೆರವಣಿಗೆಯಲ್ಲಿ ಹೋಗಿಬರುತ್ತಿದ್ದ. ಅದಕ್ಕಾಗಿ 1795ರಲ್ಲಿ ಆನ್ಯಾಂಗ್‌ನಲ್ಲಿ ಏಳು ಕಮಾನುಗಳ ಕಲ್ಲಿನ ಸೇತುವೆ ಕಟ್ಟಿದರು. ಮಾನಾನ್ ಸೇತುವೆ ಎಂದು ಅದರ ಹೆಸರು. 1980ರಲ್ಲಿ ರಸ್ತೆ ಅಗಲ ಮಾಡುವಾಗ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ಬೇರೆಡೆ ಜೋಡಿಸಿದರು. ಅದರ ಹಿಂದಿನ ವರ್ಷ ಸಿಯೋಲ್‌ನ ಸ್ವಾತಂತ್ರ್ಯ ದ್ವಾರಕ್ಕೂ ಇದೇ ಗತಿಯಾಗಿತ್ತು. ಉಯಿಜು ರಸ್ತೆಯಲ್ಲಿ ಚೀನೀ ದೂತರನ್ನು ಎದುರುಗೊಳ್ಳುತ್ತಿದ್ದ ಹಳೆಯ ಬಾಗಿಲನ್ನು ಕೆಡವಿ, 1897ರಲ್ಲಿ ಕಟ್ಟಿದ ದ್ವಾರ ಅದು. ಮೇಲ್ಸೇತುವೆ ಅಡ್ಡ ಬಂತೆಂದು ಎಪ್ಪತ್ತು ಮೀಟರ್ ಆಚೆಗೆ ಸರಿಸಿದರು. ಚೀನಾದ ಹಂಗು ಹರಿದುಕೊಂಡ ಗುರುತೇ ಕಾರುಗಳಿಗೆ ದಾರಿ ಬಿಡಬೇಕಾಯಿತು.

ರಸ್ತೆಯ ಮುಖ ತಿರುಗಿದ್ದು ಜಪಾನೀಯರ ಕಾಲದಲ್ಲಿ, ಬಂದರಿನ ಕಡೆಗೆ. ಮೊಕ್ಪೊ ವಿದೇಶಿ ವ್ಯಾಪಾರಕ್ಕೆ ತೆರೆದುಕೊಂಡದ್ದು 1897ರ ಅಕ್ಟೋಬರ್‌ನಲ್ಲಿ. ಊರಿನ ಎದುರಿಗಿರುವ ಗೊಹಾ ದ್ವೀಪದಲ್ಲಿ 1904ರಲ್ಲಿ ಅಮೆರಿಕದ ತಳಿಯ ಹತ್ತಿಯನ್ನು ಪ್ರಯೋಗಕ್ಕೆ ಬಿತ್ತಿದರು. ಅದರ ಸ್ಮಾರಕದ ಕಲ್ಲು ಈಗಲೂ ಅಲ್ಲಿದೆ. ಬೆಳೆ ಹತ್ತಿತು. ಜೊಲ್ಲಾ ಪ್ರಾಂತ್ಯದ ಅಕ್ಕಿ, ಹತ್ತಿಗಳನ್ನು ಬಂದರಿಗೆ ಸಾಗಿಸಲು ರಸ್ತೆ ಬೇಕಾಯಿತು. 1907ರಲ್ಲಿ ಕೆಲಸ ಹಿಡಿದ ನಾಲ್ಕು 'ಸಿಂಜಾಂಗ್ನೊ'ಗಳಲ್ಲಿ, ಎಂದರೆ ಗಾಡಿ ಓಡುವ ಹೊಸ ಬಗೆಯ ರಸ್ತೆಗಳಲ್ಲಿ, ಮೊಕ್ಪೊ–ಗ್ವಾಂಗ್ಜು ಒಂದು. ನೆಟ್ಟಗೆ, ಹೊಲ ಸೀಳಿಕೊಂಡು ಹೋಗುವ ಈ ರಸ್ತೆಗಳಿಗೆ ರೈತರು ಜಮೀನು ಬಿಟ್ಟುಕೊಟ್ಟು ಬಿಟ್ಟಿ ದುಡಿಯಬೇಕಾಗುತ್ತಿತ್ತು. ಅಕ್ಕಿ, ಹತ್ತಿ, ಉಪ್ಪು ಎಂಬ ಮೂರು ಬಿಳಿ ಸರಕು, ಕಡಲಪಾಚಿ ಎಂಬ ಒಂದು ಕಪ್ಪು ಸರಕು ಮೊಕ್ಪೊದ ಹೆಮ್ಮೆ ಎಂಬ ಮಾತು ಅಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಆ ಬಿಳಿ ಸರಕು ಜಪಾನಿನ ಹಡಗು ಹತ್ತುತ್ತಿತ್ತು ಎನ್ನುವುದನ್ನೂ ಜೊತೆಗೆ ಹೇಳಬೇಕು.

ಇದೇ ಕಾಲದಲ್ಲಿ ರೈಲೂ ಬಂತು. 1905ರಲ್ಲಿ ಬೂಸಾನ್–ಸಿಯೋಲ್, ಮರುವರ್ಷ ಸಿಯೋಲ್–ಸಿನುಯಿಜು, 1914ರಲ್ಲಿ ಮೊಕ್ಪೊ ಮಾರ್ಗ. ಹಳೆಯ ಉಯಿಜು ಊರನ್ನು ಪಕ್ಕಕ್ಕೆ ಬಿಟ್ಟು ರೈಲು ನಿಲ್ದಾಣದ ಸುತ್ತ ಹೊಸ ಊರೊಂದು ಬೆಳೆಯಿತು. ಹೆದ್ದಾರಿಯ ಕೊನೆಯ ಊರಾಗಿ ಇಂದು ಪಟ್ಟಿಯಲ್ಲಿರುವುದು ಅದೇ. ದಕ್ಷಿಣದಲ್ಲಿ ಹಳೆಯ ಗೊಂಗ್ಜು ಸೊರಗಿ ದೆಜೊನ್ ಎದ್ದಿತು, 1932ರಲ್ಲಿ ಪ್ರಾಂತ್ಯದ ಕಚೇರಿಗಳೂ ಅಲ್ಲಿಗೇ ಹೋದವು. ರಸ್ತೆ ಸುಮಾರು ಐವತ್ತು ವರ್ಷ ರೈಲಿನ ನೆರಳಿನಲ್ಲೇ ಉಳಿಯಿತು.

1950ರ ಕೊರಿಯಾ ಯುದ್ಧ ಅದನ್ನು ಮತ್ತೆ ಮುನ್ನೆಲೆಗೆ ತಂದಿತು. ಜುಲೈ 5ರ ಮಳೆಯ ಬೆಳಗ್ಗೆ ಓಸಾನ್ ಊರಿನ ಉತ್ತರದ ಜುಂಗ್ಮಿ ಕಣಿವೆದಾರಿಯಲ್ಲಿ ಸುಮಾರು 540 ಅಮೆರಿಕನ್ ಸೈನಿಕರು ರಸ್ತೆಗೆ ಮುಖ ಮಾಡಿ ಕಂದಕ ತೋಡಿ ಕೂತಿದ್ದರು. ಉತ್ತರದ ಮೂವತ್ತಕ್ಕೂ ಹೆಚ್ಚು ಟಿ-34 ಟ್ಯಾಂಕುಗಳು ಇವರ ಗುಂಡುಗಳಿಗೆ ಸೊಪ್ಪು ಹಾಕದೆ ರಸ್ತೆಯಲ್ಲೇ ಸಾಗಿ ಹೋದವು. ಆ ಯುದ್ಧದಲ್ಲಿ ಅಮೆರಿಕನ್ ಪಡೆಯ ಮೊದಲ ನೆಲಕಾಳಗ ಅದು. ಮರುವರ್ಷ ಸಂಧಾನ ಆರಂಭವಾದದ್ದು ಕೇಸಾಂಗ್‌ನಲ್ಲಿ. 1951ರ ಅಕ್ಟೋಬರ್‌ನಲ್ಲಿ ಅದೇ ರಸ್ತೆಯ ಒಂದು ಸಣ್ಣ ಹಳ್ಳಿಗೆ ಮಾತುಕತೆ ಬದಲಾಯಿತು. ಅದು ಪಾನ್ಮುಂಜೊಮ್.

ಇಲ್ಲಿ ಕನ್ನಡಿಗರಿಗೂ ಒಂದು ನಂಟಿದೆ. ಯುದ್ಧ ನಿಂತ ಮೇಲೆ ತಾಯ್ನಾಡಿಗೆ ಮರಳಲು ಒಲ್ಲದ ಸಾವಿರಾರು ಸೆರೆಯಾಳುಗಳ ವಿಚಾರ ನೋಡಿಕೊಳ್ಳಲು ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರು ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. ಭಾರತೀಯ ಪಡೆಯನ್ನು ತಮ್ಮ ನೆಲದ ಮೇಲೆ ಕಾಲಿಡಲು ಬಿಡುವುದಿಲ್ಲ ಎಂದು ದಕ್ಷಿಣದ ಅಧ್ಯಕ್ಷ ಸಿಂಗ್ಮನ್ ರೀ ಪಟ್ಟು ಹಿಡಿದರು. ಹಾಗಾಗಿ ಇಂಚೊನ್ ಬಂದರಿನ ಹಡಗುಗಳಿಂದ ನಮ್ಮ ಸಿಪಾಯಿಗಳನ್ನು ಅಮೆರಿಕನ್ ಹೆಲಿಕಾಪ್ಟರುಗಳಲ್ಲಿ ತುಂಬಿ ಸೇನಾರಹಿತ ವಲಯಕ್ಕೆ ಇಳಿಸಬೇಕಾಯಿತು. ಕೆಳಗೆ ರಸ್ತೆ ಇತ್ತು, ಅವರು ಮೇಲೆ ಹಾರಿದರು.

ಮುಂದಿನ ದಶಕಗಳಲ್ಲಿ ದಕ್ಷಿಣ ಕೊರಿಯಾ ಕಟ್ಟಿದ ವೇಗದ ಹೆದ್ದಾರಿಗಳು ಈ ರಸ್ತೆಯ ದೂರಪ್ರಯಾಣವನ್ನು ಕಿತ್ತುಕೊಂಡವು. 1970ರಲ್ಲಿ ಸಿಯೋಲ್–ಬೂಸಾನ್ ಎಕ್ಸ್‌ಪ್ರೆಸ್‌ವೇ, 2001ರಲ್ಲಿ ಮೊಕ್ಪೊ ತನಕ ಪಶ್ಚಿಮ ಕರಾವಳಿಯ ಎಕ್ಸ್‌ಪ್ರೆಸ್‌ವೇ. ಒಂದನೇ ನಂಬರ್ ಸಿಗ್ನಲ್ಲುಗಳ, ಊರೂರಿನ ಸಂತೆಬೀದಿಗಳ ರಸ್ತೆಯಾಗಿ ಉಳಿಯಿತು. ಮೊಕ್ಪೊದ ಹಳೆಯ ಜಪಾನೀ ಕಾನ್ಸಲ್ ಕಚೇರಿಯ ಬಳಿ ಅದು ಹಿಂದೆ ಹೊರಡುತ್ತಿದ್ದ ಜಾಗದ ಗುರುತುಕಲ್ಲಿದೆ. 2012ರಲ್ಲಿ ಮೊಕ್ಪೊ ಸೇತುವೆ ಆದ ಮೇಲೆ ಆರಂಭಬಿಂದು ಗೊಹಾ ದ್ವೀಪಕ್ಕೆ ಹೋಯಿತು. ಹತ್ತಿ ಬಿತ್ತಿದ ದ್ವೀಪವೇ ಅದು. ಜಪಾನೀಯರ ವಿರುದ್ಧದ 1597ರ ಕಡಲಕಾಳಗದ ಬಳಿಕ ಸೇನಾನಿ ಯಿ ಸುನ್‌ಸಿನ್ ತನ್ನ ನೌಕಾಪಡೆಯೊಂದಿಗೆ ಬೀಡುಬಿಟ್ಟದ್ದೂ ಅಲ್ಲೇ. ಗ್ವಾಂಗ್ಜು, ಜೊಂಜು, ನೊನ್ಸಾನ್, 2012ರಲ್ಲೇ ಹುಟ್ಟಿದ ಸೆಜಾಂಗ್ ನಗರ, ಚೊನಾನ್, ಸುವೊನ್ ದಾಟಿ ರಸ್ತೆ ಸಿಯೋಲ್ ಸೇರುತ್ತದೆ. ಸಿಯೋಲ್‌ನಿಂದ ಉತ್ತರಕ್ಕೆ ಅದರ ಹೆಸರು ತೊಂಗಿಲ್ಲೊ, ಏಕೀಕರಣದ ರಸ್ತೆ.

ಆ ಹೆಸರಿಗೆ ಒಂದಿಷ್ಟು ಅರ್ಥ ಬಂದದ್ದು 1998ರ ಜೂನ್ 16ರಂದು. ಹ್ಯುಂಡೈ ಸ್ಥಾಪಕ ಚುಂಗ್ ಜುಯುಂಗ್, ಈಗ ಉತ್ತರದಲ್ಲಿರುವ ತೊಂಗ್‌ಚೊನ್ ಕಡೆಯವರು. ಹುಡುಗನಾಗಿದ್ದಾಗ ಅಪ್ಪ ಹಸು ಮಾರಿ ತಂದ ದುಡ್ಡು ಕದ್ದು ಊರು ಬಿಟ್ಟಿದ್ದರು. ಎಂಬತ್ತು ದಾಟಿದ ಮೇಲೆ ಲಾರಿಗಳಲ್ಲಿ 500 ದನ ತುಂಬಿಕೊಂಡು, ಆಗಷ್ಟೇ ತೆರೆದಿದ್ದ ಏಕೀಕರಣ ಸೇತುವೆಯ ಮೇಲೆ ಇಮ್ಜಿನ್ ನದಿ ದಾಟಿ, ಪಾನ್ಮುಂಜೊಮ್ ಮೂಲಕ ಉತ್ತರಕ್ಕೆ ಹೋದರು. ಅಕ್ಟೋಬರ್‌ನಲ್ಲಿ ಇನ್ನೂ 501. ಒಂದು ಹಸುವಿನ ಸಾಲಕ್ಕೆ 1,001 ದನ. ವ್ಯಾಪಾರಿಯ ಲೆಕ್ಕಾಚಾರ ಅದರಲ್ಲಿ ಇರಲಿಲ್ಲ ಎನ್ನಲಾರೆ, ಆದರೂ ರಾಯಭಾರಿಗಳು ಮಾಡಲಾಗದ್ದನ್ನು ದನಗಳು ಮಾಡಿದವು.

ಬಳಿಕ ಪಾನ್ಮುಂಜೊಮ್ ಪಕ್ಕದಲ್ಲೇ ಕೇಸಾಂಗ್‌ಗೆ ಹೊಸ ರಸ್ತೆ ಜೋಡಣೆಯಾಯಿತು. 2004ರಿಂದ ಕೇಸಾಂಗ್ ಕೈಗಾರಿಕಾ ವಲಯದ ಲಾರಿ, ಬಸ್ಸುಗಳು ಅದರಲ್ಲಿ ಓಡಾಡಿದವು. 2007ರ ಅಕ್ಟೋಬರ್ 2ರಂದು ದಕ್ಷಿಣದ ಅಧ್ಯಕ್ಷ ರೋ ಮೂಹ್ಯುನ್ ಕಾರಿನಿಂದ ಇಳಿದು, ಡಾಂಬರಿನ ಮೇಲೆ ಗಡಿಯ ಗುರುತಾಗಿ ಬಳಿದಿದ್ದ ಹಳದಿ ಪಟ್ಟಿಯನ್ನು ಪತ್ನಿಯ ಜೊತೆ ನಡೆದೇ ದಾಟಿದರು. 2016ರಲ್ಲಿ ಕೈಗಾರಿಕಾ ವಲಯಕ್ಕೆ ಬೀಗ ಬಿತ್ತು. ಮುಂದೆ ಉತ್ತರದವರು ರಸ್ತೆಯ ಅಕ್ಕಪಕ್ಕ ನೆಲಬಾಂಬು ಹುಗಿದು, ದೀಪದ ಕಂಬಗಳನ್ನು ಕಿತ್ತು, ಕೊನೆಗೆ 2024ರ ಅಕ್ಟೋಬರ್ 15ರಂದು ತಮ್ಮ ಬದಿಯ ತುಂಡನ್ನು ಸ್ಫೋಟಿಸಿದರು. ಗಡಿಯಾಚೆಯ ಆ ಭಾಗವನ್ನು ನಿರ್ಮಿಸಿದ್ದು ದಕ್ಷಿಣ ಕೊಟ್ಟ ಸಾಲದ ಸಾಮಗ್ರಿಯಿಂದ. ರಸ್ತೆ ಹೋದರೂ ಸಾಲ ತೀರಿಸುವ ಹೊಣೆ ಉತ್ತರದ ಮೇಲೆ ಹಾಗೆಯೇ ಇದೆ ಎಂದು ಸಿಯೋಲ್‌ನ ಏಕೀಕರಣ ಸಚಿವಾಲಯ ಅಂದೇ ಹೇಳಿಕೆ ಕೊಟ್ಟಿತು.