ಸೃಷ್ಟಿಯ ಹಾಡು ಮತ್ತು ವಿಕಾಸದ ಪಾಠ: ಕೃಷ್ಣಾ ತೀರದ ಐದು ತಾಲ್ಲೂಕುಗಳ ಸಾಕ್ಷ್ಯ

ದೇವರಲ್ಲಿನ ನಂಬಿಕೆಯೂ ಜೀವವಿಕಾಸ ಸಿದ್ಧಾಂತದ ಒಪ್ಪಿಗೆಯೂ ಒಬ್ಬನೇ ವ್ಯಕ್ತಿಯಲ್ಲಿ ನೆಲೆಸಬಲ್ಲವೇ ಎಂಬ ಪ್ರಶ್ನೆ ಹೊಸದಲ್ಲ. ಚಾರ್ಲ್ಸ್ ಡಾರ್ವಿನ್ನನ ಜೀವಜಾತಿಗಳ ಉಗಮವನ್ನು ಕುರಿತ ಗ್ರಂಥ 1859ರಲ್ಲಿ ಪ್ರಕಟವಾದಂದಿನಿಂದ ಇದು ಚರ್ಚೆಯಲ್ಲಿದೆ. ಆದರೆ ಆ ಚರ್ಚೆಯ ಚೌಕಟ್ಟು ಬಹುಮಟ್ಟಿಗೆ ಪಾಶ್ಚಾತ್ಯವಾದುದು. ಒಂದು ಧರ್ಮಗ್ರಂಥ, ಅದರಲ್ಲಿ ಒಂದು ಸೃಷ್ಟಿಕಥನ, ಅದಕ್ಕೆದುರಾಗಿ ಒಂದು ವಿಜ್ಞಾನ ಎಂಬ ಗ್ರಹಿಕೆ ಅದರ ಹಿಂದಿದೆ. ಸೃಷ್ಟಿಕಥನಗಳು ಹಲವಾಗಿರುವ, ಸೃಷ್ಟಿಕರ್ತನನ್ನೇ ನಿರಾಕರಿಸಿದ ಧರ್ಮವೊಂದು ಸಾವಿರ ವರ್ಷಗಳಿಗೂ ಮಿಕ್ಕಿ ಬಾಳಿರುವ ನಾಡಿನಲ್ಲಿ ಈ ಪ್ರಶ್ನೆಯ ರೂಪವೇ ಬದಲಾಗುತ್ತದೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಧಾರ್ಮಿಕ ಹಾಗೂ ಜಾನಪದ ಪರಂಪರೆಯನ್ನು ಆಧರಿಸಿ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೃಷ್ಣಾ ಮತ್ತು ಅದರ ಉಪನದಿಗಳಾದ ದೂಧಗಂಗಾ, ವೇದಗಂಗಾಗಳಿಂದ ಪೋಷಿತವಾದ ಈ ಭಾಗವು 1956ರವರೆಗೆ ಮುಂಬಯಿ ಪ್ರಾಂತದ ಆಡಳಿತಕ್ಕೆ ಸೇರಿತ್ತು. ಕನ್ನಡ ಮತ್ತು ಮರಾಠಿಗಳೆರಡೂ ಇಲ್ಲಿ ಬಳಕೆಯಲ್ಲಿವೆ. ಯಡೂರಿನ ವೀರಭದ್ರ, ಚಿಂಚಲಿಯ ಮಾಯಕ್ಕ, ಕೊಕಟನೂರಿನ ಯಲ್ಲಮ್ಮ, ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳ (1836–1921) ಗದ್ದುಗೆ, ಸದಲಗಾ, ಭೋಜ, ಶೇಡಬಾಳಗಳ ಜೈನ ಪರಂಪರೆ ಇವೆಲ್ಲ ಕೆಲವೇ ಹರದಾರಿಗಳ ಅಂತರದಲ್ಲಿ ಸೇರಿಕೊಂಡಿವೆ.

ಮೊದಲು ಜೈನ ಪರಂಪರೆಯನ್ನು ಗಮನಿಸಬಹುದು. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಆದಿಪುರಾಣದಲ್ಲಿ ಸೃಷ್ಟಿಕರ್ತನ ಕಲ್ಪನೆಯನ್ನು ತರ್ಕಬದ್ಧವಾಗಿ ಖಂಡಿಸಿದ್ದಾರೆ. ಪಂಪನು 941ರಲ್ಲಿ ಕನ್ನಡದಲ್ಲಿ ಆದಿಪುರಾಣವನ್ನು ರಚಿಸಿದ್ದು ಈ ಗ್ರಂಥವನ್ನು ಆಧರಿಸಿಯೇ. ಜೈನರ ಪ್ರಕಾರ ಲೋಕವು ಅನಾದಿ. ಅದನ್ನು ಯಾರೂ ಮಾಡಿಲ್ಲ. ಆದರೂ ಬಸದಿಯಲ್ಲಿ ಜಿನಬಿಂಬಕ್ಕೆ ನಿತ್ಯ ಅಭಿಷೇಕ ನಡೆಯುತ್ತದೆ. ಅಲ್ಲಿ ಪೂಜೆಗೊಳ್ಳುವವನು ಲೋಕದ ನಿರ್ಮಾತೃವಲ್ಲ, ಕರ್ಮವನ್ನು ಗೆದ್ದ ಆದರ್ಶ ಜೀವ. 1906ರಲ್ಲಿ ಸದಲಗಾದಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆ ಅವರು ಪ್ರವಚನಸಾರ (1935), ಪರಮಾತ್ಮಪ್ರಕಾಶ (1937) ಮೊದಲಾದ ಪ್ರಾಕೃತ, ಅಪಭ್ರಂಶ ಕೃತಿಗಳನ್ನು ಶಾಸ್ತ್ರೀಯವಾಗಿ ಸಂಪಾದಿಸಿ, ದೈವತ್ವದ ಈ ಪರಿಕಲ್ಪನೆಯನ್ನು ಆಧುನಿಕ ವಿದ್ವತ್ತಿನ ಮುಂದೆ ತೆರೆದಿಟ್ಟರು. ಭಕ್ತಿಗೆ ಸೃಷ್ಟಿಕರ್ತನ ಆಧಾರ ಅನಿವಾರ್ಯವಲ್ಲ ಎಂಬುದಕ್ಕೆ ಈ ಪರಂಪರೆಗಿಂತ ದೃಢವಾದ ನಿದರ್ಶನ ಬೇಕಿಲ್ಲ.

ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಸೃಷ್ಟಿಕರ್ತನ ನಿರಾಕರಣೆಯೇ ವಿಕಾಸವಾದದ ಅಂಗೀಕಾರವಲ್ಲ. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಜೈನರ ಜೀವವರ್ಗೀಕರಣವು ಮೇಲ್ನೋಟಕ್ಕೆ ವಿಕಾಸದ ಏಣಿಯಂತೆ ಕಂಡರೂ ಅದು ಇಂದ್ರಿಯಗಳ ಸಂಖ್ಯೆಯನ್ನು ಆಧರಿಸಿದ ವಿಂಗಡಣೆಯೇ ಹೊರತು ಒಂದು ಜಾತಿಯಿಂದ ಮತ್ತೊಂದು ಜಾತಿ ಕಾಲಕ್ರಮದಲ್ಲಿ ಹೊರಹೊಮ್ಮಿತೆಂಬ ಹೇಳಿಕೆಯಲ್ಲ. ಅವಸರ್ಪಿಣಿಯ ಕಲ್ಪನೆಯಂತೆ ಪ್ರಾಚೀನ ಮಾನವರು ಇಂದಿನವರಿಗಿಂತ ದೀರ್ಘಕಾಯರೂ ದೀರ್ಘಾಯುಗಳೂ ಆಗಿದ್ದರು. ಪಳೆಯುಳಿಕೆಗಳ ಸಾಕ್ಷ್ಯ ಇದನ್ನು ಸಮರ್ಥಿಸುವುದಿಲ್ಲ. ಸಾಮ್ಯವನ್ನು ಎಲ್ಲಿ ನಿಲ್ಲಿಸಬೇಕೆಂಬ ವಿವೇಕ ಈ ಚರ್ಚೆಗೆ ಮುಖ್ಯ.

ಜನಪದರ ಸೃಷ್ಟಿಕಥನಗಳ ಸ್ವರೂಪ ಬೇರೆ. ಡೊಳ್ಳಿನ ಹಾಡುಗಳಲ್ಲಿ ಉಳಿದುಬಂದಿರುವ ಹಾಲುಮತ ಪುರಾಣದಲ್ಲಿ ಕುರಿಯ ಹುಟ್ಟಿನ ಕಥೆ ಪ್ರಸಿದ್ಧವಾದುದು. ಅಣ್ಣಂದಿರ ದುಡಿಮೆಯಲ್ಲಿ ಉಂಡಾಡಿಯಾಗಿ ಬೆಳೆದ ಪದ್ಮಣ್ಣನು ಹೊಲಕ್ಕೆ ಹೋಗಿ ಹುತ್ತವನ್ನು ಒಡೆದಾಗ ಅದರೊಳಗಿಂದ ಕುರಿಗಳು ಹೊರಬಂದವು. ಈ ಕಥೆಯು ಪ್ರಾಣಿಶಾಸ್ತ್ರದ ಪ್ರಶ್ನೆಗೆ ಉತ್ತರಿಸುತ್ತಿಲ್ಲ. ಕುರಿ ದೈವದ ಕೊಡುಗೆ, ಅದನ್ನು ಕಾಯುವುದು ಕುಲದ ಋಣ ಎಂಬುದನ್ನು ಅದು ಸ್ಥಾಪಿಸುತ್ತದೆ. ಭಾರತ ಹುಣ್ಣಿಮೆಯ ಹೊತ್ತಿಗೆ ಚಿಂಚಲಿಯಲ್ಲಿ ನೆರೆಯುವ ಭಕ್ತರಿಗೆ ಮಾಯಕ್ಕ ಬೀರದೇವರ ಅಕ್ಕ. ಅಲ್ಲಿ ದೈವದೊಂದಿಗಿನ ಸಂಬಂಧ ಒಡಹುಟ್ಟಿನದು, ಹರಕೆಯದು, ಹೋಳಿಗೆಯ ನೈವೇದ್ಯದ್ದು. ಜೀವಜಾತಿಗಳು ಹೇಗೆ ಬಂದವು ಎಂಬುದರ ಮೇಲೆ ಆ ಸಂಬಂಧ ನಿಂತಿಲ್ಲ.

ಸೃಷ್ಟಿಯ ಪ್ರಶ್ನೆಯನ್ನು ಈ ಪ್ರದೇಶ ವಾದಕ್ಕೆ ತೆರೆದೇ ಇಟ್ಟಿತ್ತೆಂಬುದಕ್ಕೆ ಗೀಗೀ ಮತ್ತು ಲಾವಣಿ ಮೇಳಗಳು ಸಾಕ್ಷಿ. ಹರದೇಶಿ–ನಾಗೇಶಿ ಅಥವಾ ತುರಾ–ಕಲ್ಗಿ ಎಂದು ಹೆಸರಾದ ಎರಡು ಪಕ್ಷಗಳಲ್ಲಿ ಒಂದು ಶಿವನ ಹಿರಿಮೆಯನ್ನೂ ಮತ್ತೊಂದು ಶಕ್ತಿಯ ಹಿರಿಮೆಯನ್ನೂ ಎತ್ತಿಹಿಡಿಯುತ್ತವೆ. ಆದಿಯಲ್ಲಿ ಗಂಡು ಇತ್ತೋ ಹೆಣ್ಣು ಇತ್ತೋ, ತ್ರಿಮೂರ್ತಿಗಳನ್ನು ಹೆತ್ತವರು ಯಾರು ಎಂಬ ಸವಾಲು–ಜವಾಬುಗಳು ರಾತ್ರಿಯಿಡೀ ನಡೆಯುತ್ತವೆ. ಎರಡು ಪರಸ್ಪರವಿರುದ್ಧ ಸೃಷ್ಟಿಕಥನಗಳನ್ನು ಒಂದೇ ವೇದಿಕೆಯಲ್ಲಿ ಕೇಳಿದ ಶ್ರೋತೃಗಳು ಬೆಳಗಿನ ಮಂಗಳಾರತಿಗೆ ಕೂಡಿಯೇ ಕೈಮುಗಿಯುತ್ತಾರೆ. ಸೃಷ್ಟಿಕಥನವನ್ನು ವಾದಿಸಬಹುದಾದ ವಿಷಯವೆಂದೂ ಭಕ್ತಿಯನ್ನು ವಾದಾತೀತವೆಂದೂ ಬಗೆದ ಮನೋಧರ್ಮವಿದು.

ಇದೇ ಜನರ ಕೈಯಲ್ಲಿ ವಿಕಾಸದ ಒಂದು ಮುಖವೂ ಬಳಕೆಯಲ್ಲಿದೆ ಎಂಬುದು ಗಮನಾರ್ಹ. ಹುತ್ತದಿಂದ ಕುರಿ ಬಂದಿತೆಂದು ಹಾಡುವ ಕುರಿಗಾರನು ಹಿಂಡಿನಲ್ಲಿ ಯಾವ ಟಗರನ್ನು ಬೀಜಕ್ಕೆ ಉಳಿಸಬೇಕೆಂಬುದನ್ನು ಅದರ ಉಣ್ಣೆ, ಮೈಕಟ್ಟು, ನಡೆಯುವ ಶಕ್ತಿಗಳನ್ನು ನೋಡಿ ನಿರ್ಧರಿಸುತ್ತಾನೆ. ಇನ್ನೂ ಸ್ಪಷ್ಟವಾದ ಉದಾಹರಣೆ ಕೃಷ್ಣಾ ಕಣಿವೆಯ ದನದ ತಳಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಾಂಗಲಿ ಮತ್ತು ದಕ್ಷಿಣ ಮರಾಠಾ ಸೀಮೆಯ ಸಂಸ್ಥಾನಿಕರು ಎರೆಭೂಮಿಯ ಉಳುಮೆಗೆ ತಕ್ಕ ಬಲಿಷ್ಠ ಎತ್ತುಗಳಿಗಾಗಿ ಗೀರ್, ಕಾಂಕ್ರೇಜ್, ಓಂಗೋಲ್ ತಳಿಗಳನ್ನು ಮೈಸೂರು ಮೂಲದ ಸ್ಥಳೀಯ ದನಗಳೊಂದಿಗೆ ಬೆರೆಸಿದರು. ಕೆಲವೇ ತಲೆಮಾರುಗಳಲ್ಲಿ ಪ್ರತ್ಯೇಕ ತಳಿಯೊಂದು ನೆಲೆಗೊಂಡಿತು. ಯಂತ್ರಗಳು ಬಂದ ಮೇಲೆ ಅದರ ಸಂಖ್ಯೆ ತೀರ ಇಳಿಯಿತು. ಡಾರ್ವಿನ್ನನು ತನ್ನ ಗ್ರಂಥದ ಮೊದಲ ಅಧ್ಯಾಯವನ್ನು ಸಾಕುಪ್ರಾಣಿಗಳ ಇಂತಹ ಆಯ್ಕೆಗೇ ಮೀಸಲಿಟ್ಟಿದ್ದಾನೆ. ಮನುಷ್ಯನ ಆಯ್ಕೆ ಅಲ್ಪಕಾಲದಲ್ಲಿ ಇಷ್ಟು ಮಾರ್ಪಾಡು ತರಬಲ್ಲುದಾದರೆ, ಕೋಟ್ಯಂತರ ವರ್ಷಗಳ ಅವಧಿಯಲ್ಲಿ ನಿಸರ್ಗದ ಆಯ್ಕೆ ಹೊಸ ಜಾತಿಗಳನ್ನೇ ರೂಪಿಸಬಲ್ಲುದು ಎಂಬುದು ಅವನ ವಾದಸರಣಿ. ತಳಿ ಬೇರೆ, ಜಾತಿ ಬೇರೆ. ಮನುಷ್ಯನ ಆಯ್ಕೆಗೆ ಉದ್ದೇಶವಿದೆ, ನಿಸರ್ಗದ ಆಯ್ಕೆಗೆ ಇಲ್ಲ. ಈ ವ್ಯತ್ಯಾಸಗಳನ್ನು ಒಪ್ಪಿಯೂ, ಬೀಜದ ಹೋರಿಯನ್ನು ಆರಿಸಿ ಬಲ್ಲ ರೈತನಿಗೆ ವಿಕಾಸದ ಪಾಠದ ಹೊಸ್ತಿಲು ಅಪರಿಚಿತವಲ್ಲ ಎನ್ನಬಹುದು.

ಹಾಗಾದರೆ ನಂಬಿಕೆಗೂ ವಿಕಾಸವಾದಕ್ಕೂ ನಿಜವಾದ ಘರ್ಷಣೆ ಎಲ್ಲಿ? ಸೃಷ್ಟಿಕಥನವು ಹುಟ್ಟಿನ ಮೇಲು–ಕೀಳನ್ನು ಸಮರ್ಥಿಸಲು ಬಳಕೆಯಾದಾಗ ಅದು ತಲೆದೋರುತ್ತದೆ. ವಿರಾಟ್ ಪುರುಷನ ಅಥವಾ ಬ್ರಹ್ಮನ ಬೇರೆ ಬೇರೆ ಅಂಗಗಳಿಂದ ವರ್ಣಗಳು ಹುಟ್ಟಿದವೆಂಬುದನ್ನು ಅಕ್ಷರಶಃ ನಂಬುವವರು, ಮಾನವಕುಲವೆಲ್ಲ ಒಂದೇ ಪೂರ್ವಿಕ ಮೂಲದ್ದೆಂಬ ವಿಜ್ಞಾನದ ನಿರ್ಣಯವನ್ನು ಒಪ್ಪಲಾರರು. ಈ ಗಡಿಭಾಗದಲ್ಲಿ ಆ ಪ್ರಶ್ನೆಯನ್ನು ಎತ್ತಿದವರು ವಿಜ್ಞಾನಿಗಳಿಗಿಂತ ಮೊದಲು ಸಮಾಜಸುಧಾರಕರು. ಮಹಾತ್ಮ ಜ್ಯೋತಿಬಾ ಫುಲೆಯವರು 1873ರಲ್ಲಿ ಪ್ರಕಟಿಸಿದ ಗುಲಾಮಗಿರಿ ಕೃತಿಯಲ್ಲಿ ಬ್ರಹ್ಮನ ಅಂಗಗಳಿಂದ ವರ್ಣಗಳು ಹುಟ್ಟಿದ ಕಥೆಯನ್ನೂ ದಶಾವತಾರದ ಕಥೆಗಳನ್ನೂ ಕಟುವಾಗಿ ವಿಮರ್ಶಿಸಿದರು. ಅದೇ ಫುಲೆಯವರು ನಾಸ್ತಿಕರಾಗಿರಲಿಲ್ಲ. ಸಕಲರನ್ನೂ ಸಮಾನವಾಗಿ ಸೃಜಿಸಿದ ‘ನಿರ್ಮಿಕ’ನಲ್ಲಿ ಅವರಿಗೆ ಶ್ರದ್ಧೆಯಿತ್ತು. ಅವರು ಸ್ಥಾಪಿಸಿದ ಸತ್ಯಶೋಧಕ ಸಮಾಜಕ್ಕೆ ಶಾಹೂ ಮಹಾರಾಜರ ಕೊಲ್ಹಾಪುರದಲ್ಲಿ ಮರುಜೀವ ದೊರೆತಾಗ ನೆರೆಯ ನಿಪ್ಪಾಣಿ–ಚಿಕ್ಕೋಡಿ ಸೀಮೆ ಆ ವಿಚಾರಗಳಿಂದ ದೂರವಿರಲಿಲ್ಲ. 1925ರಲ್ಲಿ ನಿಪ್ಪಾಣಿಯಲ್ಲಿ ನಡೆದ ಬಹಿಷ್ಕೃತ ವರ್ಗಗಳ ಪರಿಷತ್ತಿಗೆ ಡಾ. ಬಿ. ಆರ್. ಅಂಬೇಡ್ಕರರು ಬಂದಿದ್ದರು. ಹುಟ್ಟಿನ ಶ್ರೇಣಿಯನ್ನು ಅಲ್ಲಗಳೆಯುವ ಭಕ್ತಿಗೆ ವಿಕಾಸವಾದದಿಂದ ಕಳೆದುಕೊಳ್ಳುವುದೇನೂ ಇಲ್ಲ. ಆ ಶ್ರೇಣಿಯನ್ನೇ ದೈವದ ಆಜ್ಞೆಯೆನ್ನುವ ಭಕ್ತಿಗೆ ಮಾತ್ರ ಅಪಾಯವಿದೆ.

ಸಹಬಾಳ್ವೆಯ ಹೆಸರಿನಲ್ಲಿ ಮಂಡಿತವಾಗುವ ಒಂದು ಸುಲಭ ಸಮನ್ವಯವನ್ನೂ ಇಲ್ಲಿ ಪರಿಶೀಲಿಸಬೇಕು. ಮತ್ಸ್ಯ, ಕೂರ್ಮ, ವರಾಹ, ನರಸಿಂಹ ಎಂಬ ಅವತಾರಕ್ರಮವೇ ಜೀವವಿಕಾಸವೆಂಬ ಮಾತು ವೇದಿಕೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಈ ಹೋಲಿಕೆ ಪುರಾಣಕಾಲದ್ದಲ್ಲ. ಥಿಯಾಸಫಿಯ ಮೇಡಂ ಬ್ಲಾವಟ್ಸ್ಕಿ 1877ರಲ್ಲಿ, ಅಂದರೆ ಡಾರ್ವಿನ್ನನ ಗ್ರಂಥ ಬಂದ ಹದಿನೆಂಟು ವರ್ಷಗಳ ನಂತರ, ಇದನ್ನು ಮಂಡಿಸಿದ್ದಳು. ಕನ್ನಡದ ‘ವಿಕಾಸ’ ಎಂಬ ಶಬ್ದವೂ ಈ ಗೊಂದಲಕ್ಕೆ ಎಡೆಮಾಡಿದೆ. ಅರಳುವಿಕೆ, ಏಳಿಗೆ ಎಂಬ ಅರ್ಥದ ಈ ಶಬ್ದ ಒಂದು ಗುರಿಯತ್ತ ಸಾಗುವ ಉನ್ನತಿಯನ್ನು ಸೂಚಿಸುತ್ತದೆ. ಜೀವವಿಜ್ಞಾನದಲ್ಲಿ ಹೇಳುವುದು ಮಾರ್ಪಾಡಿನೊಡನೆ ಸಾಗುವ ವಂಶಾನುಕ್ರಮವನ್ನು. ಅದಕ್ಕೆ ಮೊದಲೇ ಗೊತ್ತಾದ ಗುರಿಯಿಲ್ಲ. ಪುರಾಣವನ್ನು ವಿಜ್ಞಾನವಾಗಿಸುವ ಯತ್ನದಿಂದ ಪುರಾಣದ ಅರ್ಥವೂ ಕೆಡುತ್ತದೆ, ವಿಜ್ಞಾನದ ಅರ್ಥವೂ ಕೆಡುತ್ತದೆ.

ಎಲ್ಲ ತೊಡಕುಗಳೂ ಇಲ್ಲಿಗೆ ತೀರಿದವೆಂದಲ್ಲ. ಕರುಣಾಮಯನೂ ಸರ್ವಶಕ್ತನೂ ಆದ ದೇವರು ಇರುವುದಾದರೆ ನಿಸರ್ಗದಲ್ಲಿ ಇಷ್ಟೊಂದು ನೋವು ಏಕೆ ಎಂಬ ಪ್ರಶ್ನೆ ಡಾರ್ವಿನ್ನನನ್ನೂ ಕಾಡಿತ್ತು. 1860ರಲ್ಲಿ ಆತ ತನ್ನ ಸ್ನೇಹಿತ, ಶ್ರದ್ಧಾವಂತ ಕ್ರೈಸ್ತನಾಗಿದ್ದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದ ಪತ್ರದಲ್ಲಿ, ಜೀವಂತ ಹುಳುವಿನ ಒಡಲನ್ನು ತಿಂದು ಬೆಳೆಯುವ ಕಣಜದ ಮರಿಗಳನ್ನು ಉಲ್ಲೇಖಿಸಿ ಈ ಸಂಶಯವನ್ನು ತೋಡಿಕೊಂಡಿದ್ದಾನೆ. ಆದರೂ ಒಬ್ಬನು ದೃಢ ಆಸ್ತಿಕನೂ ವಿಕಾಸವಾದಿಯೂ ಆಗಿರಬಹುದೆಂಬುದನ್ನು 1879ರ ಪತ್ರವೊಂದರಲ್ಲಿ ಆತನೇ ಒಪ್ಪಿದ್ದಾನೆ; ಅದಕ್ಕೆ ಉದಾಹರಣೆಯಾಗಿ ಹೆಸರಿಸಿದವರಲ್ಲಿ ಗ್ರೇ ಸಹ ಒಬ್ಬ. ನೋವಿನ ಪ್ರಶ್ನೆಗೆ ಜೈನರು ಕರ್ಮಸಿದ್ಧಾಂತದ ಮೂಲಕವೂ ಇತರರು ಬೇರೆ ದಾರಿಗಳಿಂದಲೂ ಉತ್ತರ ಅರಸಿದ್ದಾರೆ. ಆ ಅನ್ವೇಷಣೆ ಧರ್ಮಚಿಂತನೆಯ ಹೊಣೆ. ಜೀವವಿಜ್ಞಾನ ಅದಕ್ಕೆ ಉತ್ತರ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ.

ಈ ವಿಷಯಕ್ಕೆ ಇಂದು ವಿಶೇಷ ಮಹತ್ತ್ವ ಬಂದಿದೆ. ಪಠ್ಯಭಾರವನ್ನು ಇಳಿಸುವ ಕಾರಣ ನೀಡಿ ಎನ್‌ಸಿಇಆರ್‌ಟಿಯು 2022ರ ಪರಿಷ್ಕರಣೆಯಲ್ಲಿ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಟ್ಟಿತು. 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಬಹಿರಂಗ ಪತ್ರದ ಮೂಲಕ ಇದನ್ನು ಪ್ರತಿಭಟಿಸಿದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಆ ಪಾಠ ಉಳಿದಿತ್ತು ನಿಜ. ಆದರೆ ಹತ್ತಕ್ಕೇ ಓದು ನಿಲ್ಲಿಸಿ ಕುರಿಗಳ ಹಿಂದೆಯೋ ತಂಬಾಕಿನ ಕೆಲಸಕ್ಕೋ ಹೋಗುವ ಮಗುವಿಗೆ, ಎಲ್ಲ ಮನುಷ್ಯರೂ ಒಂದೇ ಮೂಲದವರೆಂಬ ಮಾತನ್ನು ಸಾಕ್ಷ್ಯಸಹಿತ ಕೇಳುವ ಅವಕಾಶ ತಪ್ಪಿಹೋಗುತ್ತದೆ. ಆ ಮಗುವಿನ ನಂಬಿಕೆಯನ್ನು ಕಾಪಾಡುವುದಕ್ಕಾಗಿ ಪಾಠವನ್ನು ಮರೆಮಾಡಬೇಕೆಂಬ ವಾದಕ್ಕೆ ಈ ಐದು ತಾಲ್ಲೂಕುಗಳ ಪರಂಪರೆಯಲ್ಲಿ ಆಧಾರ ಸಿಗುವುದಿಲ್ಲ.

ಒಟ್ಟಿನಲ್ಲಿ, ದೈವಶ್ರದ್ಧೆ ಮತ್ತು ವಿಕಾಸವಾದಗಳು ಒಟ್ಟಿಗೆ ಇರಬಲ್ಲವು. ಆದರೆ ಅದು ನಿಬಂಧನೆಗೊಳಪಟ್ಟ ಸಹಬಾಳ್ವೆ. ಸೃಷ್ಟಿಯ ಹಾಡನ್ನು ಋಣ ಮತ್ತು ಬಾಂಧವ್ಯದ ಹಾಡಾಗಿ ಕೇಳಬೇಕು. ಅದನ್ನು ಜೀವವಿಜ್ಞಾನದ ಸ್ಥಾನದಲ್ಲಿ ಕೂರಿಸಬಾರದು, ಅದರಿಂದ ಮನುಷ್ಯರ ಮೇಲು–ಕೀಳನ್ನು ಹೊರತೆಗೆಯಬಾರದು. ಜಿನಬಿಂಬಕ್ಕೆ ಅಭಿಷೇಕ ಮಾಡುವ ಶ್ರಾವಕನೂ, ಚಿಂಚಲಿಗೆ ನೈವೇದ್ಯ ಒಯ್ಯುವ ಕುರಿಗಾರನೂ, ರಾತ್ರಿಯಿಡೀ ಹರದೇಶಿ–ನಾಗೇಶಿಯ ವಾದವನ್ನು ಆಲಿಸಿದ ಶ್ರೋತೃವೂ ಮೊದಲನೆಯದನ್ನು ಬಹುಕಾಲದಿಂದ ಪಾಲಿಸಿಕೊಂಡು ಬಂದಿದ್ದಾರೆ. ಕೊನೆಯದನ್ನು ಪಾಲಿಸುವುದು ಇನ್ನೂ ಪೂರ್ಣಗೊಳ್ಳದ ಕಾರ್ಯ.