ಮೊಂಟಾನಾ ಎಂಬ ಬೆಟ್ಟದ ಸೀಮೆ

ನನ್ನಲ್ಲಿ ಸಮಾಜ ಪಾಠ ಕಲಿತವರು ‘ಹೊಂದಿಸಿ ಬರೆಯಿರಿ’ ಎಂಬ ಪ್ರಶ್ನೆಯನ್ನು ಮರೆತಿರಲಾರರು. ಎಡಗಡೆ ಊರು, ಬಲಗಡೆ ಖನಿಜ. ಕೋಲಾರಕ್ಕೆ ಚಿನ್ನ, ಝರಿಯಾಕ್ಕೆ ಕಲ್ಲಿದ್ದಲು, ‘ಬುಟ್ಟೆ’ಗೆ ತಾಮ್ರ. ಆ ಬುಟ್ಟೆ ಎಲ್ಲಿದೆಯೆಂದು ನೀವೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದಿಂದ ದೂರವಾಣಿ ಮಾಡಿ, “ಮೇಷ್ಟ್ರೇ, ಮೊಂಟಾನಾಕ್ಕೆ ಬಂದು ನೆಲೆಸಿದ್ದೇನೆ. ನೀವು ಹೇಳಿಕೊಟ್ಟ ಬುಟ್ಟೆ ಇಲ್ಲೇ ಇದೆ. ಆದರೆ ಇಲ್ಲಿಯವರು ಬ್ಯೂಟ್ ಅನ್ನುತ್ತಾರೆ” ಎಂದು ನಕ್ಕನು. ಆ ನಗೆಯ ಋಣ ತೀರಿಸಲೆಂದು ಒಂದಿಷ್ಟು ಓದಿದೆ.

ಮೊಂಟಾನಾ ಅಮೆರಿಕದ ವಾಯವ್ಯಕ್ಕೆ, ಕೆನಡಾದ ಗಡಿಗೆ ತಾಗಿಕೊಂಡಿರುವ ರಾಜ್ಯ. ಹೆಸರಿನ ಅರ್ಥವೇ ಬೆಟ್ಟದ ಸೀಮೆ. ಆದರೂ ರಾಕಿ ಪರ್ವತಗಳಿರುವುದು ಪಶ್ಚಿಮ ಭಾಗದಲ್ಲಿ. ಪೂರ್ವದ ಬಹುಭಾಗ ಹುಲ್ಲುಬಯಲು. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಹೆಚ್ಚುಕಡಿಮೆ ಎರಡರಷ್ಟು. ಜನಸಂಖ್ಯೆ 2020ರ ಗಣತಿಯಂತೆ ಕೇವಲ 10,84,225. ಅಲ್ಲಿ ಟ್ರಿಪಲ್ ಡಿವೈಡ್ ಎಂಬ ಶಿಖರವೊಂದುಂಟು. ಅದರ ಮೇಲೆ ಬಿದ್ದ ಮಳೆ ಮೂರು ಪಾಲಾಗಿ ಒಂದು ಪೆಸಿಫಿಕ್ ಸಾಗರಕ್ಕೂ, ಒಂದು ಮೆಕ್ಸಿಕೋ ಕೊಲ್ಲಿಗೂ, ಇನ್ನೊಂದು ಹಡ್ಸನ್ ಕೊಲ್ಲಿಗೂ ಹರಿಯುತ್ತದೆ. ಇದು ಆಗಲೇ ತಿಳಿದಿದ್ದರೆ ತರಗತಿಯಲ್ಲಿ ಒಂದು ಗಂಟೆ ಇದನ್ನೇ ಹೇಳುತ್ತಿದ್ದೆ!

ಕ್ರೋ, ಬ್ಲ್ಯಾಕ್‌ಫೀಟ್, ಸಾಲಿಷ್, ಷೈಯೆನ್ ಮೊದಲಾದ ಮೂಲನಿವಾಸಿಗಳ ನಾಡಿದು. 1862ರಲ್ಲಿ ಹೊಳೆಯ ಮರಳಿನಲ್ಲಿ ಚಿನ್ನ ಸಿಕ್ಕಿದ್ದೇ ತಡ, ಬಿಳಿಯರು ಮುಗಿಬಿದ್ದರು. 1876ರ ಜೂನ್‌ನಲ್ಲಿ ಲಿಟಲ್ ಬಿಗ್‌ಹಾರ್ನ್ ನದಿಯ ಬಳಿ ಲಕೋಟಾ, ಷೈಯೆನ್ ಯೋಧರು ಕಸ್ಟರ್‌ನ ಸೇನೆಯನ್ನು ಸೋಲಿಸಿದರು. ಆದರೆ ಮರುವರ್ಷವೇ, ಕೆನಡಾ ಸೇರಲು ಹೊರಟಿದ್ದ ನೆಜ್ ಪರ್ಸ್ ಜನರ ಮುಖಂಡ ಜೋಸೆಫ್, ಗಡಿ ಇನ್ನು ಸುಮಾರು 40 ಮೈಲಿ ಇರುವಾಗ ಶರಣಾಗಬೇಕಾಯಿತು. 1889ರಲ್ಲಿ ಮೊಂಟಾನಾ 41ನೆಯ ರಾಜ್ಯವಾಯಿತು. ಅದರ ಲಾಂಛನದ ಮೇಲಿರುವುದು ‘ಚಿನ್ನ ಮತ್ತು ಬೆಳ್ಳಿ’ ಎಂಬ ಮಾತು. ನಾಡನ್ನು ಆಳಿದ್ದು ಮಾತ್ರ ತಾಮ್ರ.

1882ರಲ್ಲಿ ಬ್ಯೂಟ್‌ನ ಅನಕೊಂಡ ಗಣಿಯಲ್ಲಿ ತಾಮ್ರದ ದಪ್ಪ ಪದರ ಸಿಕ್ಕಿತು. ಅದೇ ವರ್ಷ ನ್ಯೂಯಾರ್ಕ್‌ನಲ್ಲಿ ಎಡಿಸನ್ನನ ವಿದ್ಯುತ್ ಕೇಂದ್ರ ಆರಂಭವಾಯಿತು. ಇನ್ನು ತಂತಿಗೆ ತಾಮ್ರ ಎಷ್ಟಿದ್ದರೂ ಸಾಲದು! ಐರ್ಲೆಂಡಿನವರು, ಇಟಲಿಯವರು, ಫಿನ್‌ಲೆಂಡಿನವರು ಬಂದು ಸೇರಿದರು. ಇಂಗ್ಲೆಂಡಿನ ಕಾರ್ನ್‌ವಾಲ್‌ನ ಗಣಿಗಾರರೂ ಬಂದರು, ನಮ್ಮ ಕೆ.ಜಿ.ಎಫ್.ಗೆ ಬಂದವರೂ ಅದೇ ಸೀಮೆಯವರೇ. ಗಣಿ ಒಡೆಯ ವಿಲಿಯಂ ಕ್ಲಾರ್ಕ್ 1899ರಲ್ಲಿ ಶಾಸಕರಿಗೆ ಲಂಚ ಕೊಟ್ಟು ಸೆನೆಟ್ ಸ್ಥಾನ ಪಡೆದು, ಬಯಲಾದ ಮೇಲೆ ರಾಜೀನಾಮೆ ಕೊಟ್ಟನು. ಸೆನೆಟರುಗಳನ್ನು ಜನರೇ ನೇರವಾಗಿ ಆರಿಸುವಂತೆ 1913ರಲ್ಲಿ ಸಂವಿಧಾನ ತಿದ್ದುಪಡಿಯಾಗಲು ಇಂಥ ಹಗರಣಗಳೇ ಕಾರಣ.

ಇನ್ನು ನನ್ನ ನಿದ್ದೆ ಕೆಡಿಸಿದ ಸಂಗತಿ. 1917ರ ಜೂನ್ 8ರ ರಾತ್ರಿ ಬ್ಯೂಟ್‌ನ ಸ್ಪೆಕ್ಯುಲೇಟರ್ ಗಣಿಯೊಳಕ್ಕೆ ವಿದ್ಯುತ್ ಕೇಬಲ್ ಇಳಿಸುತ್ತಿದ್ದರು. ಬೆಂಕಿ ತಡೆಯುವ ವ್ಯವಸ್ಥೆಗೆಂದೇ ತಂದ ಕೇಬಲ್ ಅದು! ಅದು ಕಳಚಿ ಬಿತ್ತು. ನೋಡಲು ಹೋದವನ ದೀಪದ ಜ್ವಾಲೆ ಅದರ ಹೊದಿಕೆಗೆ ತಗುಲಿತು. ವಿಷದ ಹೊಗೆ ಸುರಂಗಗಳನ್ನೆಲ್ಲ ತುಂಬಿತು. ಗಣಿಗಳ ನಡುವಿನ ಕಾಂಕ್ರೀಟ್ ಗೋಡೆಗಳಿಗೆ ಬಾಗಿಲಿರಲಿಲ್ಲ. ಓಡಿ ಬಂದವರು ಅಲ್ಲೇ ಸಿಕ್ಕಿಕೊಂಡರು. ಸತ್ತವರು 168 ಮಂದಿ. ಮ್ಯಾನಸ್ ಡುಗ್ಗನ್ ಎಂಬ ತರುಣ ಕೆಲವರನ್ನು ಒಂದು ಸುರಂಗಕ್ಕೆ ಕರೆದೊಯ್ದು, ಸಿಕ್ಕಿದ ಹಲಗೆ, ಬಟ್ಟೆ, ಮಣ್ಣುಗಳಿಂದ ಬಾಯಿ ಮುಚ್ಚಿ ಹೊಗೆ ತಡೆದನು. ಅವರಲ್ಲಿ 25 ಮಂದಿ ಬದುಕಿ ಮೇಲೆ ಬಂದರು. ಅವನು ಬರಲಿಲ್ಲ. ಕತ್ತಲಲ್ಲಿ ಹೆಂಡತಿಗೆ ಬರೆದ ಚೀಟಿಗಳು ಮಾತ್ರ ಸಿಕ್ಕವು.

ಗಣಿಗಾರರು ಮುಷ್ಕರ ಹೂಡಿದರು. ಅವರಿಗಾಗಿ ಮಾತಾಡಲು ಬಂದ ಫ್ರಾಂಕ್ ಲಿಟ್ಲ್ ಎಂಬ ಸಂಘಟಕನನ್ನು ಆಗಸ್ಟ್ 1ರ ನಸುಕಿನಲ್ಲಿ ಎಳೆದೊಯ್ದು ರೈಲುಸೇತುವೆಗೆ ನೇಣು ಹಾಕಿದರು. ಯಾರಿಗೂ ಶಿಕ್ಷೆಯಾಗಲಿಲ್ಲ. ಅದೇ ತಿಂಗಳು ಜೆನೆಟ್ ರ‍್ಯಾಂಕಿನ್ ಬ್ಯೂಟ್‌ಗೆ ಬಂದು ಗಣಿಗಾರರ ಪರವಾಗಿ ಮಾತನಾಡಿದರು. ಇವರು 1916ರಲ್ಲಿ ಮೊಂಟಾನಾದಿಂದ ಗೆದ್ದು, ಅಮೆರಿಕದ ಕಾಂಗ್ರೆಸ್ ಪ್ರವೇಶಿಸಿದ ಮೊದಲ ಮಹಿಳೆ. ದೇಶದ ಎಲ್ಲ ಕಡೆ ಹೆಂಗಸರಿಗೆ ಮತದ ಹಕ್ಕು ಇನ್ನೂ ಬಂದಿರಲಿಲ್ಲ! ಮೊದಲ ಮಹಾಯುದ್ಧದ ವಿರುದ್ಧವೂ ಮತ ಹಾಕಿದ್ದರು. 1918ರಲ್ಲಿ ಸೋತರು. 1940ರಲ್ಲಿ ಮತ್ತೆ ಗೆದ್ದು, 1941ರ ಡಿಸೆಂಬರ್ 8ರಂದು ಜಪಾನಿನ ಮೇಲೆ ಯುದ್ಧ ಸಾರಲು 388 ಮಂದಿ ಒಪ್ಪಿದಾಗ ಇವರೊಬ್ಬರೇ ಒಲ್ಲೆನೆಂದರು. ಗಾಂಧೀಜಿಯವರ ಮಾರ್ಗವನ್ನು ಅರಿಯಲೆಂದು ಭಾರತಕ್ಕೂ ಹಲವು ಬಾರಿ ಬಂದಿದ್ದರಂತೆ. ಹೊಂದಿಸಿ ಬರೆಯುವ ಪಟ್ಟಿಯಲ್ಲಿ ಇವರ ಹೆಸರು ಎಲ್ಲೂ ಇರಲಿಲ್ಲ.

1955ರಿಂದ ಸುರಂಗದ ಬದಲು ಮೇಲಿನಿಂದಲೇ ಅಗೆಯತೊಡಗಿದರು. ಬರ್ಕ್ಲಿ ಪಿಟ್ ಎಂಬ ಆ ಗುಂಡಿ ಊರಿನ ಕೇರಿಗಳನ್ನೇ ನುಂಗಿತು. 1982ರಲ್ಲಿ ಕೆಲಸ ನಿಂತು, ಪಂಪುಗಳೂ ನಿಂತು, ಆಮ್ಲದ ನೀರು ತುಂಬಿಕೊಂಡಿತು. 1995ರಲ್ಲಿ ಅದರಲ್ಲಿಳಿದ 342 ಹಿಮಹೆಬ್ಬಾತುಗಳು ಸತ್ತವು. 2019ರಿಂದ ನೀರನ್ನು ಶುದ್ಧೀಕರಿಸಿ ಹೊಳೆಗೆ ಬಿಡುತ್ತಿದ್ದಾರೆ. ಪಕ್ಕದ ಇನ್ನೊಂದು ಗುಂಡಿಯಲ್ಲಿ ತಾಮ್ರ ತೆಗೆಯುವುದು 1986ರಿಂದ ಮತ್ತೆ ನಡೆದಿದೆ. ಆದ್ದರಿಂದ ‘ಬುಟ್ಟೆ–ತಾಮ್ರ’ ಎಂದು ಬರೆದವರ ಅಂಕಗಳಿಗೆ ಧಕ್ಕೆಯಿಲ್ಲ.

ಅಗ್ನಿದುರಂತದಲ್ಲಿ ಮಡಿದವರ ಸ್ಮಾರಕ ಬ್ಯೂಟ್‌ನ ಗುಡ್ಡದ ಮೇಲಿದೆ. ಹಿಮ ಕರಗಿದ ಮೇಲೆ ಮಕ್ಕಳೊಂದಿಗೆ ಹೋಗಿಬರುತ್ತೇನೆಂದು ನನ್ನ ಶಿಷ್ಯ ಹೇಳಿದ್ದಾನೆ. ಭಾವಚಿತ್ರಗಳು ಬಂದೊಡನೆ ಇಲ್ಲಿ ಹಾಕುವೆ.